ನಾಲ್ಕು ಮೂಲೆಗೆ ಅರಿಶಿನ

"ಈ ಮನೆಯಿಂದ ಒಂದೇ ಒಂದು ಪುಸ್ತಕ ಬಿಟ್ಟಿ ಆಚೆ ಹೋದ್ರೆ ನನ್ನ ಹೆಸರು ಭದ್ರಮ್ಮ ಅಲ್ಲ."

ಹೀಗೆಂದು ಭದ್ರಮ್ಮ ಘೋಷಿಸಿದ್ದು ತುಮಕೂರಿನ ಸದಾಶಿವನಗರದ ತನ್ನ ಮನೆಯಲ್ಲಿ, ಐನೂರು ಪುಸ್ತಕದ ಕಟ್ಟುಗಳ ಮಧ್ಯೆ ಕೂತು. ಅದು ತೊಂಬತ್ತೆಂಟನೇ ಇಸವಿಯ ಆಷಾಢ. ಕೇಳಿಸಿಕೊಳ್ಳಲು ಇದ್ದವಳು ನಾದಿನಿ ಓಬಳಮ್ಮ ಒಬ್ಬಳೇ. ಗೋಡೆಯ ಮೇಲೆ ಗಂಡ ಮಹಾಲಿಂಗಯ್ಯನವರ ಫೋಟೋ ಇತ್ತು. ಅವರು ಬದುಕಿದ್ದಾಗಲೂ ಕೇಳಿಸಿಕೊಂಡವರಲ್ಲ.

ಮಹಾಲಿಂಗಯ್ಯ ಹೊಟ್ಟೆಪಾಡಿಗೆ ಗುಮಾಸ್ತರು, ಉಳಿದ ಹೊತ್ತು ಲೇಖಕರು. ಮೊದಲ ಪುಸ್ತಕವನ್ನು 'ಗೌರವ ಪ್ರತಿ' ಎಂದು ಬರೆದು ಬರೆದು ಊರಿಗೆಲ್ಲ ಹಂಚಿದ್ದರು. ಚೇಳೂರಿನ ನೆಂಟರು ಆ ಗೌರವವನ್ನು ಗ್ರೈಂಡರಿನ ಕಾಲಡಿ ಇಟ್ಟರು. ಕುಣಿಗಲ್ಲಿನ ದೊಡ್ಡಪ್ಪನ ಮಗ ಚಿಕ್ಕಬೋರಯ್ಯನ ಮನೆಯಲ್ಲಿ ಅದರ ಹಾಳೆಯ ಮೇಲೆ ಕಡ್ಲೆಪುರಿ ತಿಂದು ಬಂದವರು ಖುದ್ದು ಲೇಖಕರೇ. ಎರಡನೆಯದನ್ನು ಗುಬ್ಬಿಯ ಪ್ರೆಸ್ಸಿಗೆ ಕೊಟ್ಟು ಬಂದರು. ಪುಸ್ತಕ ಬಂತು. ಅವರಿರಲಿಲ್ಲ.

ಭಾದ್ರಪದಕ್ಕೆ ಅವರು ಹೋಗಿ ವರ್ಷ. ವರ್ಷದ ಎಡೆ ಇಡುವುದರೊಳಗೆ ಐನೂರನ್ನೂ ಮಾರಬೇಕು. ಅವರು ಬರೆದದ್ದಕ್ಕೆ ಜನ ಕಾಸು ಕೊಟ್ಟರು ಎಂದು ಆ ಫೋಟೋದ ಮುಂದೆ ಹೇಳಬೇಕು. ಭದ್ರಮ್ಮನ ಹಟ ಇಷ್ಟೇ.

ಪ್ರೆಸ್ಸಿನ ಕದರಯ್ಯ ಜನ್ಮವಿಡೀ ಲಗ್ನಪತ್ರಿಕೆ ಮಾಡಿಕೊಂಡೇ ಬಂದವನು. ಈ ಪುಸ್ತಕದ ಮುಖಪುಟದಲ್ಲೂ 'ನಮ್ಮ ಮನೆ ಕಥೆಗಳು' ಎಂಬ ಹೆಸರಿನ ಅಕ್ಕಪಕ್ಕ ಎರಡು ದೀಪದ ಕಂಬ ನಿಲ್ಲಿಸಿದ್ದ.

"ದೀಪದ ಅಚ್ಚಿನ ಬ್ಲಾಕು ನನ್ನತ್ರ ರೆಡಿ ಇತ್ತಕ್ಕ, ಅದಕ್ಕೆ ಕಾಸಿಲ್ಲ. ಮೂಲೆಗೆ ಅರಿಶಿನ ಹಚ್ಚಿ ಹಂಚಿ, ಒಳ್ಳೇದಾಯ್ತದೆ," ಎಂದಿದ್ದ ಕಟ್ಟು ಇಳಿಸಿ ಹೋಗುವಾಗ.

"ಹಂಚೋದಲ್ಲ, ಮಾರೋದು," ಎಂದಿದ್ದಳು ಭದ್ರಮ್ಮ. ಆದರೆ ಅರಿಶಿನದ ಮಾತು ತಲೆಯಲ್ಲಿ ಕೂತಿತ್ತು.

"ಒಂದಕ್ಕೆ ಹಚ್ಚಿ ದೇವ್ರ ಮುಂದೆ ಇಟ್ರೆ ಸಾಕಲ್ವಾ ಅತ್ತಿಗೆ?" ಎಂದಳು ಓಬಳಮ್ಮ.

"ಹಚ್ದೇ ಬಿಟ್ಟಿದ್ದು ಮಾರಾಟ ಆಗ್ದೆ ಉಳಿದ್ರೆ ನೀನು ತಗಂತೀಯಾ?"

ಓಬಳಮ್ಮ ಬಟ್ಟಲಲ್ಲಿ ಅರಿಶಿನ ಕಲೆಸಿ ತಂದಳು. ಭದ್ರಮ್ಮ ಬೆರಳು ಅದ್ದಲು ಹೋದಾಗ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ನೀವು ಬ್ಯಾಡಿ ಅತ್ತಿಗೆ. ಶುಭಕ್ಕೆ ಅಂತ ಹಚ್ತಿರೋದು."

ಭದ್ರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದೊಂದೇ ಪುಸ್ತಕ ಎತ್ತಿ ಕೊಡುತ್ತಾ ಹೋದಳು. ಐನೂರು ಪುಸ್ತಕ, ಎರಡು ಸಾವಿರ ಮೂಲೆ. ಸಂಜೆಗೆ ಓಬಳಮ್ಮ ಮೊಣಕೈವರೆಗೂ ಹಳದಿ.

ಮಾರನೆಯ ದಿನ ವ್ಯಾಪಾರ ಶುರು. ಪುಸ್ತಕದಂಗಡಿಯವನು ಅದನ್ನು ಎರಡೇ ಬೆರಳಲ್ಲಿ ಹಿಡಿದ.

"ಯಾರ ಮದ್ವೆ ಅಮ್ಮಾ?"

"ಮದ್ವೆ ಅಲ್ಲ, ಪುಸ್ತಕ."

"ಪುಸ್ತಕ ಆದ್ರೆ ನೂರಕ್ಕೆ ನಲವತ್ತು ಕಮಿಷನ್ನು. ದುಡ್ಡು ಮಾರಾಟ ಆದ್ಮೇಲೆ. ಆದ್ರೆ ಇದನ್ನ ಇಡಕ್ಕಾಗಲ್ಲ, ಪಕ್ಕದ ಪುಸ್ತಕಕ್ಕೂ ಬಣ್ಣ ಹತ್ತುತ್ತೆ."

"ನಲವತ್ತು ನಿಮಗಾದ್ರೆ ಬರೆದೋರಿಗೇನು?"

"ಅವ್ರಿಗೆ ಗೌರವ ಇರ್ತದಲ್ಲಮ್ಮ."

"ಅದು ನಮ್ಮನೇಲಿ ಬೇಕಾದಷ್ಟು ಬಿದ್ದೈತೆ ಬುಡಿ," ಎಂದು ಚೀಲ ಎತ್ತಿಕೊಂಡು ಬಂದಳು.

ನೆಂಟರಿಗೇ ಮಾರೋಣವೆಂದು ಬಸ್ ಹತ್ತಿ ಕುಣಿಗಲ್ಲಿಗೆ ಹೋದಳು. ಚಿಕ್ಕಬೋರಯ್ಯ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ, ತೆರೆಯದೆಯೇ ದೇವರ ಗೂಡಿನಲ್ಲಿಟ್ಟ. "ಕಾರ್ಯ ಯಾವತ್ತೈತೆ ಅತ್ತಿಗೆ? ಮನೆ ಮಂದಿಯೆಲ್ಲ ಬತ್ತೀವಿ."

"ಮೂವತ್ತು ರೂಪಾಯಿ," ಎಂದಳು ಭದ್ರಮ್ಮ.

ಚಿಕ್ಕಬೋರಯ್ಯ ಹೆಂಡತಿಯ ಮುಖ ನೋಡಿದ. "ಮುಯ್ಯಿ ಈಗ್ಲೇ ತಗಂಬುಡ್ತೀರಾ?" ಎನ್ನುತ್ತಲೇ ಎಣಿಸಿ ಕೊಟ್ಟ.

ವಾಪಸು ಬಂದವಳು ತುಮಕೂರು ಬಸ್‌ ಸ್ಟ್ಯಾಂಡಿನ ಹತ್ತಿರ ಅಂಜಿನಪ್ಪನ ಪೂಜಾ ಸಾಮಾನಿನ ಅಂಗಡಿ ಮುಂದೆ ಚೀಲ ಕುಕ್ಕಿ ಕೂತಳು. ಅಂಜಿನಪ್ಪ ಒಂದು ಪುಸ್ತಕ ಎತ್ತಿಕೊಂಡ. ಅವನ ಮುಖ ಅರಳಿತು.

"ಅಕ್ಕಾ, ಶ್ರಾವಣ ಬಂತು. ದೀಪದ ಚಿತ್ರ ಹಾಕಿ, ಅರಿಶಿನಾನೂ ಹಚ್ಚಿ ಯಾರು ಕೊಡ್ತಾರೆ? ಒಳಗೇನೈತೆ?"

ಭದ್ರಮ್ಮ ತಡವರಿಸಿದಳು. ಆರನೇ ಕ್ಲಾಸಿಗೇ ಬಿಟ್ಟವಳಾದರೂ ಓದಲು ಬರುತ್ತಿತ್ತು. ಕಟ್ಟು ಬಿಚ್ಚಿದ ದಿನ ಮೊದಲ ಪುಟ ತೆಗೆದಿದ್ದಳು. ಎರಡು ಸಾಲು ಓದುವಷ್ಟರಲ್ಲಿ ಪಕ್ಕದಲ್ಲಿ ಅವರು ಗಂಟಲು ಸರಿಮಾಡಿಕೊಂಡ ಹಾಗಾಯಿತು. ಮುಚ್ಚಿಬಿಟ್ಟಿದ್ದಳು.

"ಕತೆ," ಎಂದಳು. "ಮನೆ ಕತೆ."

"ಸಾಕು. ಶುಕ್ರವಾರದ ಪೂಜೆಗೆ ಹೆಂಗಸ್ರು ಕತೆ ಪುಸ್ತಕ ಕೇಳ್ಕೊಂಡೇ ಬರ್ತಾರೆ."

ಅಲ್ಲೇ ಒಪ್ಪಂದವಾಯಿತು. "ನೂರಕ್ಕೆ ಹತ್ತು ನಿಂದು. ಬಿಟ್ಟಿ ಮಾತ್ರ ಒಂದೂ ಕೊಡಂಗಿಲ್ಲ. ಎಮ್ಮೆಲ್ಲೆ ಬರ್ಲಿ, ಮಠದ ಸ್ವಾಮಿಗಳು ಬರ್ಲಿ."

"ನೀವು ಬಂದ್ರೆ?"

"ನಾನು ಬಂದ್ರೂ ಅಷ್ಟೇ."

ಮೊದಲ ಶುಕ್ರವಾರ ಕಳೆಯಿತು. ಕೊಂಡವರು ಬೈದು ವಾಪಸು ಕೊಡುತ್ತಾರೆಂದು ಭದ್ರಮ್ಮ ಹೆದರಿದ್ದಳು. ವಾಪಸು ಬಂದರು ನಿಜ, ಅಕ್ಕನಿಗೊಂದು, ವಾರಗಿತ್ತಿಗೊಂದು ಎಂದು ಇನ್ನೆರಡು ಕೇಳಲು. ಯಾಕೆಂದು ಭದ್ರಮ್ಮ ವಿಚಾರಿಸಲಿಲ್ಲ. ಮನೆಯಲ್ಲಿದ್ದ ಕೊನೆಯ ಕಟ್ಟನ್ನೂ ಅಂಗಡಿಗೆ ಸಾಗಿಸಿದಳು. "ನೋಡಿದ್ರಾ? ಬರೆದ್ರೆ ಸಾಲ್ದು, ಮಾರೋಕೂ ಬರಬೇಕು," ಎಂದು ಫೋಟೋಗೆ ಹೇಳಿದಳು.

ಕೊನೆಯ ಶುಕ್ರವಾರಕ್ಕೆ ಗುಬ್ಬಿಯಿಂದ ಮಂಗಳಗೌರಿ ಎಂಬಾಕೆ ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು ಬಂದಳು. "ನಮ್ಮನೆ ಪೂಜೆಗೆ ನೀವು ಬರಲೇಬೇಕು ಕಣಮ್ಮ."

ಒಂದು ವರ್ಷದಿಂದ ಭದ್ರಮ್ಮನನ್ನು ಯಾರೂ ಪೂಜೆಗೆ ಕರೆದಿರಲಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದಳು. ಇಪ್ಪತ್ತು ಹೆಂಗಸರು. ಮಂಗಳಾರತಿ ಆಯಿತು. ಮಂಗಳಗೌರಿ ಪುಸ್ತಕ ತೆರೆದು ರಾಗವಾಗಿ ಓದಿದಳು:

"ಜಗಳವಾಡಿದ ದಿನ ನನ್ನ ಧರ್ಮಪತ್ನಿ ಉಪ್ಪಿಟ್ಟಿಗೆ ಉಪ್ಪು ಹಾಕುತ್ತಿರಲಿಲ್ಲ. ಹೀಗಾಗಿ ನಾನು ಮೂವತ್ತು ವರ್ಷ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಸಂಸಾರ ಮಾಡಿದೆ."

ಇಪ್ಪತ್ತು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಾಕೆ ಭದ್ರಮ್ಮನ ತೊಡೆ ತಟ್ಟಿ, "ನಿಜ್ವಾಗ್ಲೂ ಹಾಕ್ತಿರ್ಲಿಲ್ವಾ?" ಎಂದಳು.

ಭದ್ರಮ್ಮನ ಕಿವಿ ಕೆಂಪಾದವು. ತಾಲೂಕಿನ ಮನೆಮನೆಯಲ್ಲಿ, ದೀಪ ಹಚ್ಚಿ, ಕೈ ಮುಗಿದು, ತನ್ನ ಉಪ್ಪಿಟ್ಟನ್ನು ಪಾರಾಯಣ ಮಾಡುತ್ತಿದ್ದಾರೆ. ತಾನೇ ಹೊತ್ತು ಮಾರಿದ್ದು, ನೂರಕ್ಕೆ ಹತ್ತು ಕೊಟ್ಟು.

"ರಾಗಿ ಡಬ್ಬದ್ದು ಇನ್ನೂ ಚೆನ್ನಾಗೈತೆ," ಎಂದಳು ಮಂಗಳಗೌರಿ. "ಅವ್ರು ಬರೀತಾ ಊಟಕ್ಕೇಳಲ್ಲ ಅಂತ ನೀವು ಪೆನ್ನನ್ನ ರಾಗಿ ಡಬ್ಬದಲ್ಲಿ ಬಚ್ಚಿಡ್ತಿದ್ರಂತಲ್ಲ?"

"ಅದು ಅವರಿಗೆ ಗೊತ್ತಿತ್ತಾ?" ಎಂದಳು ಭದ್ರಮ್ಮ.

"ಗೊತ್ತಿದ್ದೂ ಹುಡುಕೋ ಹಂಗೆ ನಟಿಸ್ತಿದ್ರಂತೆ. ನೀವು ಓದಿಲ್ವಾ?"

ಪ್ರಸಾದ ಸೆರಗಿಗೆ ಕಟ್ಟಿಕೊಂಡು ಬಸ್ ಹಿಡಿದವಳು ಇಳಿದದ್ದು ಅಂಜಿನಪ್ಪನ ಅಂಗಡಿ ಮುಂದೆ.

"ಒಂದು ಪುಸ್ತಕ ಕೊಡೋ."

"ಒಂದೇ ಉಳಿದಿರೋದು. ಮೂವತ್ತು ರೂಪಾಯಿ."

"ನಾನು ಕಣೋ."

"ನಾನು ಬಂದ್ರೂ ಅಷ್ಟೇ ಅಂತ ನೀವೇ ಹೇಳಿದ್ರಲ್ಲಕ್ಕ."

"ಕಮಿಷನ್ನಾದ್ರೂ ಮುರ್ಕೊಳೋ."

"ಅದು ಮಾರೋರಿಗೆ. ನೀವೀಗ ಓದೋರು."

ಭದ್ರಮ್ಮ ಸೊಂಟದ ಚೀಲ ಬಿಚ್ಚಿ ಮೂವತ್ತು ರೂಪಾಯಿ ಎಣಿಸಿದಳು. ಐನೂರನೆಯ ಪುಸ್ತಕವೂ ಮಾರಾಟವಾಯಿತು.

ಭಾದ್ರಪದದಲ್ಲಿ ಎಡೆ ಇಟ್ಟಳು. ಓಬಳಮ್ಮ ಎಡೆಗೆ ಬಡಿಸಿ ಬಾಣಲೆಯಲ್ಲಿ ಉಳಿದ ಉಪ್ಪಿಟ್ಟಿನಲ್ಲಿ ಒಂದು ಚೂರು ಬಾಯಿಗೆ ಹಾಕಿಕೊಂಡು, "ಅತ್ತಿಗೆ, ಉಪ್ಪೇ ಹಾಕಿಲ್ಲ," ಎಂದಳು.

"ಗೊತ್ತು," ಎಂದಳು ಭದ್ರಮ್ಮ. ಫೋಟೋದ ಮುಂದೆ ಪುಸ್ತಕ ಇಟ್ಟು, ಅದರ ಮೇಲೊಂದು ಉಪ್ಪಿನ ಪೊಟ್ಟಣ ಇಟ್ಟಳು.