ನೂಲೆಳೆಗೊಂದು ಮನೆ

ಆವತ್ತಿನ ಅನಾಹುತಕ್ಕೆಲ್ಲ ಮೂಲ, ನೀಲಿ ಬಣ್ಣ ಕಲಸಿಟ್ಟಿದ್ದ ಒಂದು ಪಿಂಗಾಣಿ ತಟ್ಟೆ. ಅದನ್ನು ನೆಲದ ಮೇಲೆ ಇಟ್ಟವರೂ ನಕ್ಷೆಗಾರರೇ, ಅದರೊಳಗೆ ಬಲಗಾಲು ಇಟ್ಟವರೂ ನಕ್ಷೆಗಾರರೇ. ಹಾಗಾಗಿ ಬೈಯುವುದಕ್ಕೆ ಬೇರೆ ಯಾರೂ ಸಿಗಲಿಲ್ಲ.

ಪ್ರಾದೇಶಿಕ ಯೋಜನಾ ಕಚೇರಿಯ ದೊಡ್ಡ ಹಾಲಿನಲ್ಲಿ ಮೇಜು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ನೆಲದ ತುಂಬ ನಕ್ಷೆ ಹಾಸಿದ್ದರು. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಅದರಲ್ಲಿ ಒಂದು ಅಡಿ ನಡೆದರೆ ಹೊರಗೆ ಎರಡು ಕಿಲೋಮೀಟರ್ ನಡೆದಂತೆ. ಬೆರಳಗಲಕ್ಕೊಂದು ಬೀದಿ, ನೂಲೆಳೆಗೊಂದು ಮನೆ. ಎರಡು ನದಿ, ಮುನ್ನೂರು ಹಳ್ಳಿ, ಒಂದು ಪಟ್ಟಣ, ಮತ್ತು ಇಷ್ಟೆಲ್ಲ ಗಲಾಟೆಗೆ ಕಾರಣವಾದ ತಾಮ್ರದ ಗುಡ್ಡ. ಕಾಡು ಬಯಲಿಗೆ ಹಸಿರು, ನೀರಿಗೆ ನೀಲಿ, ಮನೆಗಳಿಗೆ ಹಳದಿ, ಗಣಿಗೆ ಕಂದು. ಯಾವ ಜಾಗಕ್ಕೆ ಯಾವ ಬಣ್ಣ ಬಿತ್ತೋ ಮುಂದಿನ ಮೂವತ್ತು ವರ್ಷ ಆ ಜಾಗದ ಹಣೆಬರಹ ಅದೇ.

ಕಂಪ್ಯೂಟರಿನಲ್ಲಿ ಬರೆದ ನಕ್ಷೆಯೂ ಒಂದಿತ್ತು. ಜನ ಅದನ್ನು ನಂಬಲಿಲ್ಲ. ಪರದೆಯ ಮೇಲೆ ಇವತ್ತು ಇದ್ದ ಊರು ನಾಳೆ ಇರುತ್ತದೆಯೆಂದು ಯಾವ ಗ್ಯಾರಂಟಿ ಎಂದು ಕೇಳಿದರು. ಅದಕ್ಕೇ ಈ ಕಚೇರಿಯಲ್ಲಿ ಒಂದು ಪದ್ಧತಿ ಬಂತು. ಕೈಯಲ್ಲಿ ಬರೆದ ನಕ್ಷೆಯನ್ನು ನೆಲಕ್ಕೆ ಹಾಸುವುದು, ಜನ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಅದರ ಮೇಲೆ ನಡೆದು ತಮ್ಮ ತಮ್ಮ ಮನೆ ಹುಡುಕಿಕೊಳ್ಳುವುದು, ಸಂಜೆ ಅಧ್ಯಕ್ಷರು ಬಂದು ಮೊಹರು ಒತ್ತುವುದು. ಒತ್ತಿದರೆ ಮುಗಿಯಿತು, ಅದೇ ಕಾನೂನು. ಅಷ್ಟರೊಳಗೆ ನಕ್ಷೆ ಹರಿದರೆ ಅಥವಾ ಕೆಟ್ಟರೆ ಮತ್ತೆ ಮೊದಲಿನಿಂದ ಅರ್ಜಿ, ವಿಚಾರಣೆ, ಜಗಳ.

ನಕ್ಷೆಗಾರರಿಗೆ ಆ ಮೊಹರು ಬೀಳಲೇಬೇಕಿತ್ತು. ಗುಡ್ಡದ ಬುಡದಲ್ಲಿದ್ದ ಅವರ ಬೀದಿಗೆ ಮೊದಲ ಕರಡಿನಲ್ಲಿ ಬಿದ್ದದ್ದು ಕಂದು. ಇಪ್ಪತ್ತು ಮನೆಯವರು ಎರಡು ವರ್ಷ ಕಚೇರಿಯ ಮೆಟ್ಟಿಲು ಸವೆಸಿ ಅದನ್ನು ಹಳದಿ ಮಾಡಿಸಿಕೊಂಡಿದ್ದರು. ಮತ್ತೆ ವಿಚಾರಣೆ ನಡೆದರೆ ನಾವೂ ಮತ್ತೆ ಆ ಬೀದಿ ಕೇಳುತ್ತೇವೆ ಎಂದು ಗಣಿಯವರು ಬರೆದೇ ಕೊಟ್ಟಿದ್ದರು. ಬೀದಿಯ ತುದಿಯ ಮನೆ ನಕ್ಷೆಗಾರರದು. ಅದನ್ನು ಕಟ್ಟಿ ಮುಗಿಸುವಷ್ಟರಲ್ಲಿ ಗಂಡಹೆಂಡಿರಿಬ್ಬರ ತಲೆಗೂದಲು ನೆರೆತಿತ್ತು.

ಬೆಳಿಗ್ಗೆ ಒಂಬತ್ತೂವರೆಗೆ ನದಿಯ ತಿರುವಿನಲ್ಲಿ ಕೊನೆಯದಾಗಿ ಒಂದಿಷ್ಟು ನೀಲಿ ಹಚ್ಚಿ, ಅಂದ ನೋಡಲು ಅವರು ಹಿಂದೆ ಸರಿದರು. ಬಲಗಾಲು ತಟ್ಟೆಯೊಳಗೆ ಹೋಯಿತು. ಗಾಬರಿಯಾಗಿ ಕಾಲು ಕಿತ್ತರು, ಮೈ ಜೋಲಿ ಹೊಡೆಯಿತು, ಆ ಕಾಲನ್ನೇ ಪೂರ್ತಿ ಭಾರ ಹಾಕಿ ನಕ್ಷೆಯ ಮೇಲೆ ಊರಿದರು. ಎತ್ತಿ ನೋಡಿದರೆ ಗುಡ್ಡದ ಬುಡದ ಹಸಿರು ಬಯಲಿನಲ್ಲಿ ಹಿಮ್ಮಡಿ, ಅಂಗಾಲು, ಐದು ಬೆರಳು, ಎಲ್ಲ ಸ್ವಚ್ಛವಾಗಿ, ಅಚ್ಚು ಒತ್ತಿದ ಹಾಗೆ ನೀಲಿಯಾಗಿ ಮೂಡಿದ್ದವು.

ಒಂಟಿಕಾಲಲ್ಲೇ ಕುಂಟಿ ಅಂಚಿಗೆ ಹೋಗಿ ಕಾಲು ಒರೆಸಿಕೊಂಡರು. ಒದ್ದೆ ಬಟ್ಟೆ ತಂದು ಹಿಮ್ಮಡಿಯ ಅಂಚಿಗೆ ಒತ್ತಿದರು. ನೀಲಿ ಜಪ್ಪಯ್ಯ ಎಂದರೂ ಬಿಡಲಿಲ್ಲ, ಪಕ್ಕದ ಹಸಿರು ಎದ್ದು ಬಂತು. ಬಟ್ಟೆ ಬಿಸಾಡಿ ಭೂತಗನ್ನಡಿ ಹಿಡಿದು ಬೀದಿಯ ಕಡೆ ನೋಡಿದರು. ಕಿರುಬೆರಳಿನ ಗುರುತಿಗೂ ತಮ್ಮ ಮನೆಯ ಚುಕ್ಕಿಗೂ ನಡುವೆ ಒಂದು ನೂಲೆಳೆಯಷ್ಟು ಹಸಿರು ಉಳಿದಿತ್ತು. ಸದ್ಯ, ಬೀದಿಗೆ ಏನೂ ಆಗಿಲ್ಲ. ಆದರೆ ಯಾರಾದರೂ ಇದನ್ನು ಕಂಡು ನಕ್ಷೆ ಕೆಟ್ಟಿದೆ ಎಂದರೆ ಎರಡು ವರ್ಷದ್ದೆಲ್ಲ ನೀರಿನಲ್ಲಿ ಹೋಮ. ಹೊರಗೆ ಆಗಲೇ ಜನರ ಗದ್ದಲ ಕೇಳುತ್ತಿತ್ತು. ನಕ್ಷೆಗಾರರು ಬೇರೆ ದಾರಿ ಕಾಣದೆ ಅದೇ ಹೆಜ್ಜೆಯ ಮೇಲೆ ಅದೇ ಕಾಲು ಇಟ್ಟು ನಿಂತುಬಿಟ್ಟರು.

ಮೊದಲು ಬಂದವರು ಮೇಲಧಿಕಾರಿ. "ಏನ್ರೀ, ಗೂಟ ಹೊಡೆದ ಹಾಗೆ ನಡುಮಧ್ಯ ನಿಂತಿದ್ದೀರಿ?"

"ಇಲ್ಲಿಂದ ಎಲ್ಲ ಊರೂ ಕಾಣುತ್ತೆ ಸಾರ್. ಬಂದವರಿಗೆ ದಾರಿ ತೋರಿಸೋಕೆ ಅನುಕೂಲ."

"ಹಾಗಾದ್ರೆ ಸಂಜೆವರೆಗೂ ಅಲ್ಲೇ ಇರಿ. ಅಲ್ಲಿಂದ ಕದಲಬೇಡಿ," ಎಂದು ಮೇಲಧಿಕಾರಿ ತಾವೇ ಆ ಏರ್ಪಾಟು ಮಾಡಿದವರಂತೆ ತಲೆಯಾಡಿಸಿ ಹೋದರು.

ಹತ್ತಕ್ಕೆ ಬಾಗಿಲು ತೆರೆಯಿತು. ದಬದಬ ನುಗ್ಗಿದ ಜನ ಹೊಸ್ತಿಲಲ್ಲೇ ನಿಂತುಬಿಟ್ಟರು. ಹುಟ್ಟಿದಾಗಿನಿಂದ ಓಡಾಡಿದ ಸೀಮೆಯೇ, ಆದರೆ ಹೀಗೆ ಒಟ್ಟಿಗೆ, ಈ ಅಂಚಿನಿಂದ ಆ ಅಂಚಿನವರೆಗೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲಲ್ಲಿ ಜಗಳವಾಡುತ್ತ ಬಂದ ಅಣ್ಣತಮ್ಮಂದಿರು ಕೂಡ ದನಿ ಇಳಿಸಿದರು. ಒಂದೊಂದೇ ಹೆಜ್ಜೆ, ಮಲಗಿದ ಮಗುವನ್ನು ದಾಟುವಂತೆ, ನಕ್ಷೆಯ ಮೇಲೆ ನಡೆಯತೊಡಗಿದರು.

ಒಬ್ಬ ಅಜ್ಜಿ ನಕ್ಷೆಗಾರರ ತೋಳು ಹಿಡಿದು, "ಅಪ್ಪಾ, ನಮ್ಮ ಬಾವಿ ಎಲ್ಲಿದೆ ತೋರಿಸು," ಎಂದಳು. ಅವರು ನಿಂತಲ್ಲಿಂದಲೇ ಕೋಲು ಚಾಚಿ ಒಂದು ನೀಲಿ ಚುಕ್ಕೆ ತೋರಿಸಿದರು. ಅಜ್ಜಿ ಕೂತು ಅದನ್ನು ಬೆರಳಿನಿಂದ ಮುಟ್ಟಿ, ಬೆರಳು ಒದ್ದೆಯಾಯಿತೋ ಎಂಬಂತೆ ನೋಡಿಕೊಂಡಳು. "ಐವತ್ತು ವರ್ಷ ನೀರು ಸೇದಿದೀನಿ. ಇಷ್ಟು ದೊಡ್ಡ ಲೋಕದಲ್ಲಿ ನನ್ನ ಬಾವೀನೂ ಒಂದು ಲೆಕ್ಕಕ್ಕಿದೆ ಅಂತ ಗೊತ್ತೇ ಇರಲಿಲ್ಲ ಕಣಪ್ಪ."

ನಕ್ಷೆಗಾರರೂ ತಲೆಯೆತ್ತಿ ಸುತ್ತ ನೋಡಿದರು. ಎರಡು ವರ್ಷ ಮಂಡಿಯೂರಿ ಬರೆದವರು ತಾವೇ, ಆದರೂ ಮೂಗು ಕಾಗದಕ್ಕೆ ತಾಗಿಸಿಕೊಂಡು ಬರೆದವರಿಗೆ ಇಡೀ ನಕ್ಷೆ ಕಂಡಿರಲಿಲ್ಲ. ಒಂದು ಕಾಲಿನ ದೆಸೆಯಿಂದ ಈಗ ಕಾಣುವಂತಾಯಿತು. ಆ ನದಿ ಎಷ್ಟು ದೂರದಿಂದ ಬಂದು, ಎಷ್ಟು ಊರುಗಳನ್ನು ಬಳಸಿ, ಯಾರನ್ನೂ ಕೇಳದೆ ಹೋಗುತ್ತಿದೆ. ಆ ಕಾಡು ಮನುಷ್ಯರಿಗಿಂತ ಮೊದಲೇ ಬಂದು ಕೂತಿದೆ. ಇದರ ಮೇಲೆ ಬಣ್ಣ ಬಳಿಯುವ ಧೈರ್ಯ ನನಗೆ ಹೇಗೆ ಬಂತು ಎಂದು ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು, ಸ್ವಲ್ಪ ಭಯವೂ ಆಯಿತು.

ಹನ್ನೊಂದಕ್ಕೆ ಅವರ ಬೀದಿಯವರೇ ದಂಡು ಕಟ್ಟಿಕೊಂಡು ಬಂದರು. ಮುಂದಾಳು ಪಕ್ಕದ ಮನೆಯ ಮೇಷ್ಟ್ರು. ರಿಟೈರಾಗಿ ಹತ್ತು ವರ್ಷವಾದರೂ ಎದುರಿಗೆ ಯಾರು ನಿಂತರೂ ಪಾಠ ಮಾಡುವ ಅಭ್ಯಾಸ ಹೋಗಿರಲಿಲ್ಲ.

"ಹಳದಿ. ಪೂರ್ತಿ ಹಳದಿ. ನೋಡಿಕೊಳ್ಳಿ ಎಲ್ಲರೂ," ಎಂದು ಮೇಷ್ಟ್ರು ಬೀದಿ ತೋರಿಸಿ, ಆಮೇಲೆ ನಕ್ಷೆಗಾರರ ಕಡೆ ತಿರುಗಿದರು. "ಸ್ವಲ್ಪ ಈಚೆ ಬನ್ನಿ, ಎಲ್ಲರೂ ಸೇರಿ ಒಂದು ಫೋಟೊ ತೆಗೆಸಿಕೊಳ್ಳೋಣ."

"ಬರೋಕಾಗಲ್ಲ ಮೇಷ್ಟ್ರೇ."

"ಯಾಕೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ನಕ್ಷೆಗಾರರು, "ನಾನು ಇಲ್ಲಿಂದ ಕದಲಿದರೆ ನಮ್ಮ ಬೀದಿ ಹೋಗುತ್ತೆ," ಎಂದರು. ಹೇಳಿದ್ದು ಸತ್ಯವೇ ಆಗಿತ್ತು.

ಮೇಷ್ಟ್ರಿಗೆ ಅದು ಬೇರೆಯೇ ಅರ್ಥವಾಯಿತು. ಗಣಿಯವರು ಎಲ್ಲಿ ಬಂದು ಬಣ್ಣ ತಿದ್ದುತ್ತಾರೋ ಎಂದು ಈ ಪುಣ್ಯಾತ್ಮ ಬೆಳಿಗ್ಗೆಯಿಂದ ಕಾವಲು ನಿಂತಿದ್ದಾನೆ. ಸುದ್ದಿ ಹಾಲಿನ ತುಂಬ ಹರಡಿತು. ಹೆಂಗಸರು ಕೈಮುಗಿದರು. ಒಬ್ಬರು ಬೀಸಣಿಗೆ ತಂದು ಬೀಸಿದರು. ಇನ್ನೊಬ್ಬರು ಕುರ್ಚಿ ತಂದರು, ನಕ್ಷೆಯ ಮೇಲೆ ಬರಿಗಾಲಲ್ಲದೆ ಬೇರೆ ಯಾವ ಕಾಲೂ ಊರಬಾರದು ಎಂದು ಮೇಲಧಿಕಾರಿ ಅದನ್ನು ವಾಪಸು ಕಳಿಸಿದರು. ಮೇಷ್ಟ್ರು ಪಕ್ಕದಲ್ಲೇ ನಿಂತು ತ್ಯಾಗದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ತ್ಯಾಗಿಗೆ ಮೂತ್ರಕ್ಕೆ ಹೋಗಬೇಕಾಗಿತ್ತು.

ಒಂದು ಗಂಟೆಗೆ ಹೆಂಡತಿ ಊಟದ ಡಬ್ಬಿ ತಂದಳು. ಅವರು ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದರು. ಅವಳು ಕಿರುಚಲಿಲ್ಲ. ಡಬ್ಬಿ ಬಿಚ್ಚಿ ಕೈಗೆ ಕೊಟ್ಟು, ಕೆಳಗೆ ನೋಡಿ ಹೇಳಿದಳು.

"ರೀ, ಕಾಲು ನೋಡಿಕೊಂಡ್ರಾ? ಊದಿ ದಪ್ಪಗಾಗಿದೆ. ಬೆವರೂ ಬಂದಿದೆ."

"ಬರಲಿ ಬಿಡು. ಇನ್ನು ಮೂರು ಗಂಟೆ."

"ಸರಿ, ನಿಂತ್ಕೊಳ್ಳಿ. ಇಷ್ಟು ವರ್ಷ ಮನೆ ಕಟ್ಟಿದ್ದಕ್ಕಿಂತ ಇದೇನು ಕಷ್ಟ ಅಲ್ಲ," ಎಂದು ಅವಳು ಸೆರಗಿನಿಂದ ಅವರ ಹಣೆ ಒರೆಸಿ ಗೋಡೆಯ ಪಕ್ಕ ಹೋಗಿ ಕೂತಳು.

ಮಧ್ಯಾಹ್ನ ಕಲ್ಲು ಡಾಕ್ಟರು ಬಂದರು. ಇವರು ಭೂವಿಜ್ಞಾನಿ, ಜೇಬಿನ ತುಂಬ ಕಲ್ಲು ಇಟ್ಟುಕೊಂಡು ಓಡಾಡುತ್ತಿದ್ದರಿಂದ ಊರಿನವರು ಇಟ್ಟ ಹೆಸರು ಅದು. ಜನರನ್ನು ಕಂದು ಗುಡ್ಡದ ಸುತ್ತ ನಿಲ್ಲಿಸಿ, "ನೀವು ಕಾಣೋದು ಗುಡ್ಡದ ನೆತ್ತಿ ಮಾತ್ರ. ತಾಮ್ರ ಇದರ ಕೆಳಗೆ ಮೂರು ಮೈಲಿ ಉದ್ದಕ್ಕೆ ಹೋಗಿದೆ. ಭೂಮಿ ಇನ್ನೂ ಬಿಸಿಯಾಗಿದ್ದಾಗ ಕರಗಿ ಹರಿದು ಹೆಪ್ಪುಗಟ್ಟಿದ್ದು. ಅದು ತಣ್ಣಗಾಗಿ ಎಷ್ಟೋ ಕೋಟಿ ವರ್ಷ ಆದಮೇಲೆ ನಾವು ಬಂದ್ವಿ," ಎಂದರು. ಜನ ಬಾಯಿ ತೆರೆದು ತಮ್ಮ ಕಾಲಡಿ ನೋಡಿಕೊಂಡರು. ನಕ್ಷೆಗಾರರು ತಮ್ಮ ಕಾಲಡಿ ಮಾತ್ರ ಯಾರೂ ನೋಡದಿರಲಿ ಎಂದು ಬೇಡಿಕೊಂಡರು.

ನಾಲ್ಕಕ್ಕೆ ಸರಿಯಾಗಿ ಅಧ್ಯಕ್ಷರು ಬಂದರು. ಬಿಳಿ ಸೀರೆಯ, ಮಿತಭಾಷಿ ಹೆಂಗಸು. ಚಪ್ಪಲಿ ಬಿಟ್ಟು, ಇಡೀ ಸೀಮೆಯನ್ನು ಒಂದು ಸುತ್ತು ನಡೆದು, ನಕ್ಷೆಗಾರರ ಎದುರು ನಿಂತರು. "ಸ್ವಲ್ಪ ಸರೀತೀರಾ?"

ಅಧ್ಯಕ್ಷರೇ ಹೇಳಿದ ಮೇಲೆ ಇನ್ನೇನು ಮಾಡುವುದು. ನಕ್ಷೆಗಾರರು ಮನೆದೇವರನ್ನು ನೆನೆದು ಕಾಲೆತ್ತಿದರು. ಕಾಲು ಪಚಕ್ಕೆಂದು ಎದ್ದು ಬಂತು.

ಅಧ್ಯಕ್ಷರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಇಷ್ಟು ದೊಡ್ಡ ಕೆರೆ," ಎಂದರು ಮೆಲ್ಲಗೆ. "ಕರಡಿನಲ್ಲಿ ಇರಲಿಲ್ಲವಲ್ಲ."

ಕಲ್ಲು ಡಾಕ್ಟರು ಮಂಡಿಯೂರಿ ಕೂತೇಬಿಟ್ಟರು. "ಮೇಡಂ, ಇದು ಬರೀ ಕೆರೆಯಲ್ಲ. ಗಣಿ ಕಡೆ ನೋಡಿ, ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಐದು ಕೊಳ. ಅದಿರು ತೊಳೆದ ನೀರು ಒಂದರಿಂದ ಒಂದಕ್ಕೆ ಇಳಿದು, ರಾಡಿಯೆಲ್ಲ ತಳಕ್ಕೆ ಕೂತು, ಐದನೆಯದರಲ್ಲಿ ತಿಳಿಯಾಗಿ ಕೆರೆಗೆ ಬರುತ್ತೆ. ನಡುವೆ ಕೆರೆ ಸಣ್ಣಗಾಗಿದೆ ನೋಡಿ, ಅಲ್ಲಿ ಸೇತುವೆ. ಆ ಜಾಗ ನಿಜಕ್ಕೂ ತಗ್ಗು. ಇಪ್ಪತ್ತು ವರ್ಷದಿಂದ ಈ ಗಣಿಗೆ ನೀರಿನ ದಾರಿ ಹುಡುಕಿದೀನಿ, ನನಗೆ ಹೊಳೀಲಿಲ್ಲ. ಯಾರ ಬುದ್ಧಿ ಇದು?"

"ನನ್ನದೇ," ಎಂದರು ಮೇಲಧಿಕಾರಿ. "ಎರಡು ವರ್ಷದಿಂದ ತಲೆಯಲ್ಲಿತ್ತು."

ಅದು ಎರಡು ವರ್ಷ ತಮ್ಮ ಚಪ್ಪಲಿಯಲ್ಲಿತ್ತು ಎಂದು ನಕ್ಷೆಗಾರರು ಹೇಳಲಿಲ್ಲ. ಹೋದ ಜೀವ ಬಂದಂತಾಗಿತ್ತು. ನಕ್ಷೆ ಕೆಟ್ಟಿಲ್ಲ, ಬೀದಿ ಉಳಿಯಿತು, ಕೆಲಸವೂ ಉಳಿಯಿತು. ಕೆರೆಯ ಕೀರ್ತಿ ಯಾರಿಗೆ ಬೇಕಾದರೂ ಹೋಗಲಿ. ಮೊದಲು ಒಂಟಿಕಾಲಲ್ಲಿ ಕುಂಟಿಕೊಂಡು ಓಡಿದ್ದು ಶೌಚಾಲಯಕ್ಕೆ, ಅಂಗಾಲಿನ ನೀಲಿ ತೊಳೆದದ್ದೂ ಅಲ್ಲೇ. ಬಂದವರನ್ನು ಬೀದಿಯವರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟು ತಣ್ಣೀರಿನ ಬಟ್ಟೆ ಸುತ್ತಿದರು. "ಕೆರೆ ದಂಡೆಯ ಮನೆ ಅಂದ್ರೆ ಸುಮ್ಮನೆ ಆಯ್ತಾ. ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ನೀರು," ಎಂದು ಮೇಷ್ಟ್ರು ಆಗಲೇ ದಂಡೆಯಲ್ಲಿ ವಾಕಿಂಗ್ ಶುರುಮಾಡಿದ್ದರು. ಆಮೇಲೆ ಭಾಷಣಗಳಾದವು. ಮೇಲಧಿಕಾರಿ ಒಬ್ಬರೇ ಒಂದು ಗಂಟೆ ಮಾತಾಡಿದರು.

ಐದೂವರೆಗೆ ಅಧ್ಯಕ್ಷರು ಮೊಹರು ಕೈಗೆ ತೆಗೆದುಕೊಂಡರು. "ಒಂದು ವಿಷಯ. ಇದರಲ್ಲಿ ಎಷ್ಟು ಮನೆ ಮುಳುಗುತ್ತೆ?"

ನಕ್ಷೆಗಾರರು ಭೂತಗನ್ನಡಿ ಹಿಡಿದು ನೆಮ್ಮದಿಯಿಂದ ಬಗ್ಗಿದರು. ಒಂದೂ ಇಲ್ಲ ಎಂಬ ಮಾತು ತುಟಿಯ ಮೇಲೇ ಇತ್ತು. ಹಿಮ್ಮಡಿ, ಅಂಗಾಲು, ಹೆಬ್ಬೆರಳು, ಎಲ್ಲ ಕಡೆ ಖಾಲಿ ಬಯಲು. ಕಿರುಬೆರಳಿಗೆ ಬಂದಾಗ ಅವರ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಅಲ್ಲಿದ್ದ ನೂಲೆಳೆಯಷ್ಟು ಹಸಿರು ಈಗಿರಲಿಲ್ಲ. ಆರೂವರೆ ಗಂಟೆ ನಿಂತು ಊದಿದ ಕಾಲು, ಬೆವರಿನಲ್ಲಿ ಕರಗಿದ ನೀಲಿ, ಎರಡೂ ಸೇರಿ ಆಚೆಗೆ ಹರಡಿದ್ದವು. ಹರಡಿದ್ದು ಹೆಚ್ಚೇನಲ್ಲ, ಎರಡೇ ಎಳೆ. ಮೊದಲನೆಯ ಎಳೆಗೆ ಹಸಿರು ಹೋಗಿತ್ತು. ಎರಡನೆಯ ಎಳೆಯಲ್ಲಿ, ತಾವೇ ಉಸಿರು ಬಿಗಿಹಿಡಿದು ಅತಿ ಸಣ್ಣ ಕುಂಚದಲ್ಲಿ ಇಟ್ಟಿದ್ದ ಒಂದು ಚುಕ್ಕಿ ನೀಲಿಯ ಕೆಳಗೆ ಮಸುಕಾಗಿ ಕಾಣುತ್ತಿತ್ತು.

"ಒಂದು ಮನೆ," ಎಂದರು.

ಹಾಲೆಲ್ಲ ಬೆರಗಾಯಿತು. ಮೈಲುದ್ದದ ಕೆರೆ, ಮುಳುಗುವುದು ಒಂದೇ ಮನೆ. ಇಂಥ ಕೆರೆಯನ್ನು ಲೋಕದಲ್ಲಿ ಯಾರೂ ಬರೆದಿರಲಾರರು ಎಂದು ಕಲ್ಲು ಡಾಕ್ಟರು ಕಣ್ಣೊರೆಸಿಕೊಂಡರು. "ಅವರಿಗೆ ನದಿಯಾಚೆ ಜಾಗ ಕೊಡಿ," ಎಂದರು ಅಧ್ಯಕ್ಷರು.

"ಮೇಡಂ, ಅದು ಕೆರೆಯಲ್ಲ," ಎಂದರು ನಕ್ಷೆಗಾರರು. "ನನ್ನ ಹೆಜ್ಜೆ. ಬೆಳಿಗ್ಗೆ ಬಣ್ಣದ ತಟ್ಟೆ ತುಳಿದುಬಿಟ್ಟೆ. ಮುಚ್ಚಿಡೋಕೆ ಅಂತ ಅದರ ಮೇಲೇ ನಿಂತಿದ್ದೆ."

ಮೇಲಧಿಕಾರಿಯ ಮುಖ ಸುಣ್ಣ ಬಳಿದಂತಾಯಿತು. ಅಧ್ಯಕ್ಷರು ಮೊಹರು ಕೆಳಗಿಟ್ಟು, "ಕಾಲಿಡಿ, ನೋಡೋಣ," ಎಂದರು.

ನಕ್ಷೆಗಾರರು ಬಟ್ಟೆ ಬಿಚ್ಚಿ ಬಂದು ಬಲಗಾಲನ್ನು ಜೋಪಾನವಾಗಿ ಗುರುತಿನ ಮೇಲೆ ಇಟ್ಟರು. ಒಂದೂವರೆ ಗಂಟೆ ಸ್ಟೂಲಿನ ಮೇಲೆ ಸುಖವಾಗಿದ್ದ ಕಾಲಿನ ಊತವೆಲ್ಲ ಇಳಿದು, ತಣ್ಣೀರಿಗೆ ಇನ್ನಷ್ಟು ಕುಗ್ಗಿತ್ತು. ಕಾಲಿನ ಸುತ್ತಲೂ, ಬೆರಳು ಬೆರಳಿನ ಸುತ್ತಲೂ, ಎರಡೆರಡು ನೂಲೆಳೆಯಷ್ಟು ನೀಲಿ ಉಳಿಯಿತು. ಅವರು ಕಾಲನ್ನು ಅತ್ತ ಒತ್ತಿದರು, ಇತ್ತ ಒತ್ತಿದರು, ಬೆರಳು ಅಗಲಿಸಿದರು. ಆಗಲಿಲ್ಲ.

"ನಿಮ್ಮ ಕಾಲು ಚಿಕ್ಕದು. ಈ ಕೆರೆ ನಿಮ್ಮದಲ್ಲ," ಎಂದರು ಅಧ್ಯಕ್ಷರು, ಬೇಸರವಿಲ್ಲದೆ.

"ಪಾಪ, ಬೆಳಿಗ್ಗೆಯಿಂದ ನಿಂತು ತಲೆ ಸುತ್ತಿದೆ," ಎಂದರು ಮೇಲಧಿಕಾರಿ.

"ಹಾಗಾದ್ರೆ ಆ ಕಿರುಬೆರಳು, ಅಂದ್ರೆ ಆ ಐದನೇ ಕೊಳ, ಅದೊಂದನ್ನಾದರೂ ತೆಗೆಯೋಕಾಗಲ್ವಾ?" ಎಂದು ನಕ್ಷೆಗಾರರು ಅಂಗಲಾಚಿದರು.

"ಅದಿಲ್ಲದೆ ನೀರು ತಿಳಿಯಾಗೋದೇ ಇಲ್ಲ," ಎಂದು ಕಲ್ಲು ಡಾಕ್ಟರು ಅವರ ಬೆನ್ನು ತಟ್ಟಿದರು.

ಮೊಹರು ಬಿತ್ತು. ಚಪ್ಪಾಳೆಯಾಯಿತು. ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ಹೆಂಡತಿ ಅವರ ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು, ಮುಖ ಅರಳಿತ್ತು.

"ಬೀದಿ ಉಳೀತಲ್ಲ ರೀ, ಅದೇ ದೊಡ್ಡದು. ಹೋದಮೇಲೆ ಬಿಸಿನೀರು ಕಾಯಿಸಿಕೊಡ್ತೀನಿ, ಕಾಲಿಡುವಿರಂತೆ." ನಾಲ್ಕು ಹೆಜ್ಜೆ ನಡೆದ ಮೇಲೆ ಅವಳು ನಿಂತು ಹಿಂದಿರುಗಿ ನಕ್ಷೆ ನೋಡಿದಳು. "ಆ ಒಂದು ಮನೆ ಯಾರದು ರೀ, ಪಾಪ?"

ನಕ್ಷೆಗಾರರು ಚಪ್ಪಲಿ ಮೆಟ್ಟಿಕೊಂಡರು. ಕಾಲು ಸರಿಯಾಗಿ ಒಳಗೆ ಹೋಯಿತು.

"ನಡಿ," ಎಂದರು. "ಮನೆಗೆ ಹೋಗಿ ಹೇಳ್ತೀನಿ."