ದೆವ್ವದ ಚಿತ್ರಕ್ಕೆ ಅತ್ತವನು

ನನ್ನ ವಯಸ್ಸಿನ ಗಂಡಸರಿಗೆ ಹೇಳಿಕೊಳ್ಳಲಾಗದ ಕಾಯಿಲೆ ಒಂದಾದರೂ ಇರುತ್ತದೆ. ಕೆಲವರು ಡಾಕ್ಟರರ ಎದುರು ಕೂತು ತಲೆನೋವಿನಿಂದ ಶುರುಮಾಡಿ, ಅರ್ಧ ಗಂಟೆ ಊರೆಲ್ಲ ಸುತ್ತಿ, ಕೊನೆಗೆ ಮೂಲವ್ಯಾಧಿಗೆ ಬಂದು ನಿಲ್ಲುತ್ತಾರೆ. ನನ್ನದಕ್ಕೆ ಡಾಕ್ಟರರೂ ಇಲ್ಲ. ನನಗೆ ಸಿನಿಮಾ ಟಾಕೀಜಿನಲ್ಲಿ ಅಳು ಬರುತ್ತದೆ. ಮನೆಯಲ್ಲಿ ಟೀವಿಯ ಮುಂದೆ ಬರುವುದಿಲ್ಲ, ಮದುವೆಯಲ್ಲಿ ಹೆಣ್ಣು ಕಳಿಸಿಕೊಡುವಾಗ ಬರುವುದಿಲ್ಲ, ಯಾರದಾದರೂ ಮಣ್ಣಿಗೆ ಹೋದಾಗಲೂ ಬರುವುದಿಲ್ಲ. ದೀಪ ಆರಿಸಿ ಪರದೆಯ ಮೇಲೆ ಬೆಳಕು ಬಿಟ್ಟರೆ ಮಾತ್ರ ಶುರು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಕಲಿಸುತ್ತಿರುವವನು ನಾನು. ಗಣಿತದ ಮಾಸ್ತರನೊಬ್ಬ ಟಾಕೀಜಿನ ಕತ್ತಲಲ್ಲಿ ಮೂಗು ಒರೆಸಿಕೊಳ್ಳುತ್ತಾನೆಂದು ಊರಿಗೆ ಗೊತ್ತಾದರೆ ಮರುದಿನ ಒಂಬತ್ತನೆಯ ತರಗತಿಯಲ್ಲಿ ಪ್ರಮೇಯ ಹೇಳುವುದು ಹೇಗೆ? ಇದು ಯಾವಾಗ ಶುರುವಾಯಿತೆಂದು ಮುಂದೆ ಹೇಳುತ್ತೇನೆ. ಅದನ್ನು ಹೇಳಲೆಂದೇ ಇಷ್ಟೆಲ್ಲ ಪೀಠಿಕೆ.

ಪೇಪರಿನವರು ಪ್ರತಿ ಶುಕ್ರವಾರ ಹೊಸ ಚಿತ್ರಗಳನ್ನು ಪ್ರೇಮ, ಹಾಸ್ಯ, ಸಾಹಸ, ಭಯಾನಕ, ಕೌಟುಂಬಿಕ ಎಂದು ಬಗೆಬಗೆಯಾಗಿ ವಿಂಗಡಿಸಿ ಬರೆಯುತ್ತಾರೆ. ನನ್ನ ವಿಂಗಡಣೆ ಬೇರೆ. ಸದ್ದಿನ ಚಿತ್ರಗಳು, ಸದ್ದಿಲ್ಲದ ಚಿತ್ರಗಳು, ಎರಡೇ ಬಗೆ. ಹೊಡೆದಾಟದ್ದು, ದೆವ್ವದ್ದು ಇವುಗಳಲ್ಲಿ ಕಿವಿ ಒಡೆಯುವಂಥ ಸದ್ದಿರುವುದರಿಂದ ಪಕ್ಕದಲ್ಲಿ ಒಬ್ಬ ಬಿಕ್ಕಿದರೂ ಯಾರಿಗೂ ಕೇಳಿಸುವುದಿಲ್ಲ. ಕೌಟುಂಬಿಕ ಚಿತ್ರದಲ್ಲಿ ಹಾಗಲ್ಲ. ತಾಯಿ ಸುಮ್ಮನೆ ಬಾಗಿಲಲ್ಲಿ ನಿಂತಿರುತ್ತಾಳೆ, ಕೊಳಲೊಂದು ಸಣ್ಣಗೆ ನುಡಿಯುತ್ತಿರುತ್ತದೆ. ಅಂಥಲ್ಲಿ ಮೂಗೆಳೆದರೆ ಮುಂದಿನ ನಾಲ್ಕು ಸಾಲಿನವರು ತಿರುಗಿ ನೋಡುತ್ತಾರೆ. ಆದ್ದರಿಂದ ನಾನು ಮನೆಯಲ್ಲಿ, ನನಗೆ ಸಂಸಾರದ ಕಥೆ ಸೇರುವುದಿಲ್ಲ, ಏನಿದ್ದರೂ ಹೊಡೆದಾಟ ಮತ್ತು ದೆವ್ವ ಎಂದು ಹೇಳಿಬಿಟ್ಟಿದ್ದೆ. ನನ್ನ ಹೆಂಡತಿ ಗಿರಿಜಾ ಅದನ್ನು ನಂಬಿದ್ದಳು. ನಂಬಲು ಆಕೆಗೆ ಕಾರಣವೂ ಇತ್ತು.

ಆರು ವರ್ಷದ ಹಿಂದೆ ನನ್ನ ಅಣ್ಣ ಈರಣ್ಣ ತೀರಿಕೊಂಡ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಮುನವಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಬೆಳಿಗ್ಗೆ ಗಿರಣಿ ಚಾಲೂ ಮಾಡಿದವನು ಅಲ್ಲೇ ಎದೆ ಹಿಡಿದುಕೊಂಡು ಕೂತನಂತೆ. ನಾವು ಬೈಲಹೊಂಗಲದಿಂದ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆತುಂಬ ಅಳುವವರಿದ್ದರು, ಕೆಲಸ ಮಾಡುವವರು ಯಾರೂ ಇರಲಿಲ್ಲ. ರಾಮದುರ್ಗದ ಬೀಗರಿಗೆ ಫೋನು ಮಾಡಿದವನು ನಾನು. ಸ್ವಾಮಿಗಳನ್ನು ಕರೆಸಿದವನು, ಬಂದವರಿಗೆ ಕುರ್ಚಿ ತರಿಸಿದವನು, ಬಿಸಿಲು ಬಂತೆಂದು ಕುರ್ಚಿಗಳನ್ನು ನೆರಳಿಗೆ ಎಳೆಸಿದವನು ನಾನು. ಕುರ್ಚಿ ಅರವತ್ತು ಹೇಳಿದ್ದೆವು, ಐವತ್ತೆಂಟು ಬಂದಿದ್ದವು. ಇನ್ನೆರಡು ಎಲ್ಲಿ ಎಂದು ಕುರ್ಚಿಯವನನ್ನು ಕೇಳಿದ್ದೂ ನೆನಪಿದೆ. ಮಣ್ಣಾಯಿತು. ನನ್ನ ಕಣ್ಣಿನಿಂದ ಒಂದು ಹನಿ ಬರಲಿಲ್ಲ. ಒಂಬತ್ತನೆಯ ದಿನ ಊರಿಗೆ ಮರಳುವಾಗ ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ನಾಳೆ ನಾ ಹೋದ್ರೂ ನೀವು ಹಿಂಗ ಕುರ್ಚಿ ಎಣಿಸಕೋತ ನಿಂತಿರ್ತೀರಿ, ಹೌದಿಲ್ರಿ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. ಆಮೇಲೂ ನಾವು ಎಂದಿನಂತೆಯೇ ಇದ್ದೆವು. ಆದರೆ ಆಕೆ ತನ್ನ ನೋವು ನಲಿವನ್ನು ನನ್ನ ಬಳಿ ತರುವುದನ್ನು ಸ್ವಲ್ಪ ಸ್ವಲ್ಪವೇ ಬಿಟ್ಟಳು. ಪಕ್ಕದ ಮನೆಯ ಕಸ್ತೂರಿ ಆಕೆಗೆ ಜೋಡಿಯಾದಳು. ಇಬ್ಬರೂ ಭಾನುವಾರದ ಮಧ್ಯಾಹ್ನದ ಆಟಕ್ಕೆ ಕೂಡಿಯೇ ಹೋಗುವರು. ಅದೂ ಸಂಸಾರದ ಚಿತ್ರ ಬಂದರೆ ತಪ್ಪಿಸುತ್ತಿರಲಿಲ್ಲ. ನನಗೂ ಅದು ಅನುಕೂಲವಾಗಿತ್ತು.

ಈ ವರ್ಷ ಕಸ್ತೂರಿಯ ಗಂಡನಿಗೆ ರಾಮದುರ್ಗಕ್ಕೆ ವರ್ಗವಾಯಿತು. ಸಾಮಾನಿನ ಟೆಂಪೊ ಹೋದ ಮೇಲೆ ಗಿರಿಜಾ ಎರಡು ದಿನ ಬಾಗಿಲಲ್ಲೇ ಕೂತು ಆ ಮನೆಯ ಬೀಗ ನೋಡಿದಳು. ಶುಕ್ರವಾರ ಪೇಪರು ಬಂತು. ಆಕೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದಳು. "ಈ ವಾರ ನಾಕು ಬಂದಾವ ನೋಡ್ರಿ. ಪೊಲೀಸರದೊಂದು, ಕಾಲೇಜು ಹುಡುಗರದೊಂದು, ನಗಸೂದೊಂದು. ಇನ್ನೊಂದು ಅಣ್ಣ ತಂಗೀದು. ನಮ್ಮ ಟಾಕೀಜಿಗೆ ಅಣ್ಣ ತಂಗೀದ ಬಂದೈತಿ." ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದವನು ತಲೆ ಎತ್ತಲಿಲ್ಲ. ಮುಂದಿನ ಶುಕ್ರವಾರವೂ ಓದಿದಳು. ಅದರ ಮುಂದಿನ ವಾರವೂ ಓದಿದಳು, ದನಿ ಸಣ್ಣದಾಗಿತ್ತು. ನಾಲ್ಕನೆಯ ಶುಕ್ರವಾರ ಪೇಪರಿನ ಆ ಪುಟವನ್ನು ಮಡಿಚಿ ಜೋಳದ ಡಬ್ಬಿಯ ಕೆಳಗೆ ಹಾಸಿದಳು. ಜಗಳವಾಡುವ ಹೆಂಡತಿಯನ್ನು ಸಂಭಾಳಿಸಬಹುದು. ಪೇಪರು ಓದುವುದನ್ನು ನಿಲ್ಲಿಸಿದ ಹೆಂಡತಿ ಹೆಚ್ಚು ಹೆದರಿಸುತ್ತಾಳೆ. ಆ ಸಂಜೆ ನಾನಾಗಿಯೇ ಕೇಳಿದೆ.

"ಭಾನುವಾರ ಪಿಚ್ಚರಿಗೆ ಹೋಗೂಣೇನು?"

ಆಕೆ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. "ಯಾವುದಕ್ಕ?"

"ದೆವ್ವದ್ದು ಬಂದೈತೆಲ್ಲ."

"ನಡೀರಿ," ಎಂದಳು. "ಒಬ್ಬಾಕಿ ಮನ್ಯಾಗ ಕುಂಡ್ರೂದಕ್ಕಿಂತ ದೆವ್ವನ ಛಲೋ."

ಟಾಕೀಜಿನ ಬಾಗಿಲಲ್ಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯ ಸಮೇತ ಎದುರಾದ. "ಸರ್, ನೀವೂ ಪಿಚ್ಚರ್ ನೋಡ್ತೀರೇನ್ರಿ?" ಎಂದು ಕೇಳಿದ. ಅವನನ್ನು ನಾನು ಗಣಿತದಲ್ಲಿ ಎರಡು ಸಲ ನಪಾಸು ಮಾಡಿದ್ದು ನೆನಪಾಗಿ, ಗಂಭೀರವಾಗಿ ತಲೆಯಾಡಿಸಿ ಒಳಗೆ ಹೋದೆ. ಗೋಡೆಯ ಪಕ್ಕದ ಎರಡು ಕುರ್ಚಿ ಹಿಡಿದೆವು. ಚಿತ್ರ ಶುರುವಾಯಿತು. ಹಳೆಯ ಬಂಗಲೆ, ಕರೆಂಟಿಲ್ಲ, ಹೊಸದಾಗಿ ಬಂದ ಹೆಂಗಸೊಬ್ಬಳು ಮೇಣದ ಬತ್ತಿ ಹಿಡಿದು ಓಡಾಡುತ್ತಾಳೆ. ಕಿರುಚಾಟ ಸಾಕಷ್ಟಿತ್ತು. ನಾನು ನಿಶ್ಚಿಂತೆಯಿಂದ ಕೂತೆ. ಮಧ್ಯಂತರ ಹತ್ತಿರ ಬಂದಾಗ ಆ ಹೆಂಗಸು ಕನ್ನಡಿಯ ಮುಂದೆ ತಲೆ ಬಾಚುತ್ತ ನಿಂತಳು. ಹಿಂದಿನ ಬಾಗಿಲು ತಾನಾಗಿ ತೆರೆಯಿತು. ಅಲ್ಲಿಯವರೆಗಿನ ಸದ್ದೆಲ್ಲ ಒಮ್ಮೆಲೇ ನಿಂತು ಟಾಕೀಜು ಗಪ್ಪಾಯಿತು. ಆಗ ಮುಂದಿನ ಸಾಲಿನಿಂದ, ಯಾರೋ ವಯಸ್ಸಾದವರಿರಬೇಕು, ಗಟ್ಟಿ ದನಿಯಲ್ಲಿ ಕೂಗಿದರು: "ಯವ್ವಾ, ಹಿಂದ ನೋಡವಾ, ಹಿಂದ."

ಜನ ಗೊಳ್ಳೆಂದು ನಕ್ಕರು. ನನಗೆ ಅಳು ಬಂತು. ಕಣ್ಣು ತೇವವಾಗಿ ನಿಲ್ಲುವ ಅಳುವಲ್ಲ. ಎರಡೂ ಭುಜ ಅಲುಗಾಡಿ, ಬಾಯಿಗೆ ಕರವಸ್ತ್ರ ತುರುಕಿಕೊಂಡರೂ ನಿಲ್ಲದಂಥದ್ದು. ಅದೇ ಹೊತ್ತಿಗೆ ಮಧ್ಯಂತರವೆಂದು ದೀಪ ಹಾಕಿಬಿಟ್ಟರು. ಗಿರಿಜಾ ನನ್ನ ಕಡೆ ತಿರುಗಿದಳು. ಹೆದರಿಕೆಯಿಂದ ಹೀಗಾಯಿತೆಂದು ಮೊದಲು ತಿಳಿದಳೇನೋ, ಕೈ ಹಿಡಿದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೂತಳು. ಎದ್ದು ನನಗೆ ಅಡ್ಡಲಾಗಿ, ಜನರಿಗೆ ಬೆನ್ನು ಮಾಡಿ ನಿಂತಳು, ಸೆರಗು ಸರಿಮಾಡಿಕೊಳ್ಳುವವಳಂತೆ. ದೀಪ ಆರುವವರೆಗೂ ಹಾಗೆಯೇ ನಿಂತಿದ್ದಳು. ಅಷ್ಟು ಹೊತ್ತು ಯಾವ ಹೆಂಗಸೂ ಸೆರಗು ಸರಿಮಾಡಿಕೊಳ್ಳುವುದಿಲ್ಲ.

ಚಿತ್ರ ಬಿಟ್ಟ ಮೇಲೆ ಇಬ್ಬರೂ ನಡೆದೇ ಹೊರಟೆವು. ಸಂತೆ ಬಯಲು ದಾಟಿ, ಬೇವಿನ ಗಿಡದ ಕಟ್ಟೆಯ ಹತ್ತಿರ ಬಂದಾಗ ಆಕೆ ಕೂತುಬಿಟ್ಟಳು. "ಕುಂತ್ಕೋರಿ," ಎಂದಳು. "ನಿಮ್ಮ ಅಣ್ಣಾರ ಮಣ್ಣಿನ್ಯಾಗ ಒಂದ್ ಹನಿ ನೀರು ಬರಲಿಲ್ಲ. ಇವತ್ತು ಆ ದೆವ್ವ ನಿಮಗೇನಾಗಬೇಕು?"

ಹೇಳದೆ ಗತಿಯಿರಲಿಲ್ಲ. ನಾನು ಸಣ್ಣವನಿದ್ದಾಗ ಈರಣ್ಣ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮುನವಳ್ಳಿಯಿಂದ ಸವದತ್ತಿಗೆ ಸಿನಿಮಾ ತೋರಿಸಲು ಕರೆದೊಯ್ಯುತ್ತಿದ್ದ. ಯಾವ ಚಿತ್ರವೆಂದು ಅವನೆಂದೂ ಕೇಳಿದವನಲ್ಲ. ಯಾವುದು ಬಂದಿದೆಯೋ ಅದು. ದೇವರದು, ಡಾಕುಗಳದು, ಹಾವಿನದು, ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ನೋಡುವನು. ಗಿರಣಿಯ ಸದ್ದಿನಲ್ಲಿ ಕಿವಿ ಮಂದವಾಗಿದ್ದರಿಂದ ಅವನ ಮಾತೆಲ್ಲ ಕೂಗೇ. ನಾಯಕನ ಹಿಂದೆ ಯಾರಾದರೂ ಕತ್ತಿ ಹಿಡಿದು ಬಂದರೆ, "ಏ ತಮ್ಮಾ, ಹಿಂದ ನೋಡೋ, ಹಿಂದ ಬಂದ," ಎಂದು ಎದ್ದು ನಿಂತು ಕೂಗುವನು. ನನಗೆ ಮೀಸೆ ಬಂದ ಮೇಲೆ ಅದು ನಾಚಿಕೆಯೆನಿಸಿತು. ಕಾಲೇಜು ಸೇರಿದ ವರ್ಷ, "ನೀ ಒದರಾಡೂದಿದ್ರ ನಾ ನಿನ್ನ ಜೋಡಿ ಬರೂದಿಲ್ಲ," ಎಂದೆ. ಅವನು ನಕ್ಕು, "ಆತು ಬಿಡಪಾ," ಎಂದ. ಮತ್ತೆ ನನ್ನನ್ನು ಕರೆಯಲಿಲ್ಲ. ನಾನೂ ಹೋಗಲಿಲ್ಲ.

ಅವನು ಸತ್ತ ಮೂರನೆಯ ವಾರ ನಾನು ಪರೀಕ್ಷೆಯ ಪೇಪರು ತಿದ್ದಲು ಬೆಳಗಾವಿಗೆ ಹೋಗಿದ್ದೆ. ಕೆಲಸ ಬೇಗ ಮುಗಿದು, ಬಸ್ಸಿಗೆ ಹೊತ್ತಿದ್ದುದರಿಂದ ಎದುರಿಗಿದ್ದ ಟಾಕೀಜಿಗೆ ಹೊಕ್ಕೆ. ಹೊಡೆದಾಟದ ಚಿತ್ರ. ನಾಯಕ ಬಗ್ಗಿ ನೀರು ಕುಡಿಯುತ್ತಿದ್ದ. ಹಿಂದಿನಿಂದ ಒಬ್ಬ ಬಂದ. ಟಾಕೀಜು ಸುಮ್ಮನಿತ್ತು. ನಾನು ಕಾದೆ. ಯಾರೂ ಕೂಗಲಿಲ್ಲ. ನಾನು ಯಾರ ದನಿಗಾಗಿ ಕಾಯುತ್ತಿದ್ದೇನೆಂದು ತಿಳಿಯುವಷ್ಟರಲ್ಲಿ ಅಳು ಬಂದಾಗಿತ್ತು. ಅಂದಿನಿಂದ ಏನಾದರೂ ಕೆಲಸದ ನೆವ ಮಾಡಿಕೊಂಡು, ಗುರುತಿನವರಿಲ್ಲದ ಊರುಗಳಲ್ಲಿ, ವರ್ಷಕ್ಕೊಮ್ಮೆಯೋ ಎರಡು ಸಲವೋ ಹೋಗಿ ಕೂತು ಅತ್ತು ಬರುತ್ತಿದ್ದೆ.

ಗಿರಿಜಾ ಎಲ್ಲವನ್ನೂ ಕೇಳಿದಳು. ಕಣ್ಣೀರು ಹಾಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಟ್ಟೆಯ ಮೇಲಿನ ಒಣಗಿದ ಬೇವಿನ ಎಲೆಗಳನ್ನು ಕೈಯಿಂದ ಸರಿಸುತ್ತ ಹೇಳಿದಳು:

"ನಾ ಮನ್ಯಾಗನ ಇದ್ನೆಲ್ರಿ. ನನ್ನ ಮುಂದ ಅಳಾಕ ತಿಕೀಟ ತಗೀಬೇಕಿತ್ತೇನು?"

ಗಣಿತದಲ್ಲಿ ಕೆಲವು ಲೆಕ್ಕಗಳಿಗೆ ಉತ್ತರ ಸುಲಭವಿರುತ್ತದೆ, ಬರೆಯಲು ಕೈ ಬರುವುದಿಲ್ಲ. ತಪ್ಪಾಯಿತು ಎಂದೆ. ಆಕೆ ತಪ್ಪಾಯಿತೆಂಬುದನ್ನು ಒಪ್ಪಿದಳು. ಇಲ್ಲ ಬಿಡ್ರಿ ಎನ್ನಲಿಲ್ಲ. ಅದು ನನಗೆ ಹಗುರೆನಿಸಿತು. ಎದ್ದು ಸ್ವಲ್ಪ ದೂರ ನಡೆದ ಮೇಲೆ, "ನೀನಾದ್ರೂ ಸಂಸಾರದ ಪಿಚ್ಚರಿನ್ಯಾಗ ಅತ್ತು ಹಗುರಾಗತಿದ್ದಿ," ಎಂದೆ.

"ನಾನಾ?" ಎಂದು ಆಕೆ ನಿಂತಳು. "ನಾ ಒಂದಿನಾನೂ ಅತ್ತಿಲ್ಲ. ಅಳಾಕಿ ಕಸ್ತೂರಿ. ನಾ ಅಕೀಗೆ ಕರಚೀಪ ಕೊಡತಿದ್ದೆ. ನಾ ನೋಡತಿದ್ದದ್ದು ಸೀರಿ."

ಆರು ವರ್ಷ ನಾನು ದೂರವಿಟ್ಟಿದ್ದ ಚಿತ್ರಗಳಲ್ಲಿ ನನ್ನ ಹೆಂಡತಿ ಸೀರೆಯ ಅಂಚು ನೋಡುತ್ತ ಕೂತಿದ್ದಳು ಎಂಬುದನ್ನು ಅರಗಿಸಿಕೊಳ್ಳಲು ಮನೆ ಮುಟ್ಟುವವರೆಗೂ ಬೇಕಾಯಿತು.

ಮರುದಿನ ಸಾಲೆಗೆ ರಜೆ ಹಾಕಿ ನಾವಿಬ್ಬರೂ ಮುನವಳ್ಳಿಗೆ ಹೋಗಿ ಅತ್ತಿಗೆಯನ್ನು ಕಂಡು ಬಂದೆವು. ಹೋಗಲು ಹೇಳಿದವಳು ಗಿರಿಜಾ. ಅತ್ತಿಗೆಯ ಎದುರು ಸೈಕಲ್ಲಿನ ಕಥೆ ಹೇಳಿದೆ. ನಡುವೆ ಅಳು ಬಂತು, ಸಿನಿಮಾ ಇಲ್ಲದೆಯೇ. ಅತ್ತಿಗೆ ನೀರು ತಂದುಕೊಟ್ಟು, "ಅವ್ರು ಸಾಯೂತನಾ ಹಂಗ ಒದರತಿದ್ರು. ಟೀವಿ ಮುಂದೂ ಬಿಡತಿದ್ದಿಲ್ಲ," ಎಂದಳು. ಮೂವರೂ ನಕ್ಕೆವು, ಅತ್ತೆವು. ಇದಾಗಲು ಆರು ವರ್ಷ ಹಿಡಿಯಬೇಕಾಗಿರಲಿಲ್ಲ.

ಮುಂದಿನ ಶುಕ್ರವಾರ ಗಿರಿಜಾ ಮತ್ತೆ ಪೇಪರು ಓದಿದಳು. ಮೂರು ಹೊಸವು ಬಂದಿದ್ದವು. ಈ ಸಲ ಆರಿಸುವ ಅಧಿಕಾರ ಆಕೆಯದು. ತಾಯಿ ಮಗನ ಚಿತ್ರವನ್ನೇ ಆರಿಸಿದಳು. ಎರಡು ಕರವಸ್ತ್ರ ಒಗೆದು ಇಸ್ತ್ರಿ ಮಾಡಿ ಚೀಲದಲ್ಲಿಟ್ಟುಕೊಂಡಳು. ಚಿತ್ರದಲ್ಲಿ ತಾಯಿ ಕೆಮ್ಮಿದಳು, ಮಗ ಓಡಿ ಬಂದ, ಮಳೆ ಸುರಿಯಿತು, ಕೊಳಲು ನುಡಿಯಿತು. ಸುತ್ತಲೂ ಮೂಗೆಳೆಯುವ ಸದ್ದು. ಗಿರಿಜಾ ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು, ಕರವಸ್ತ್ರ ಕೈಯಲ್ಲಿ ಸಿದ್ಧವಾಗಿತ್ತು. ನನಗೆ ಏನೂ ಆಗಲಿಲ್ಲ. ಆ ತಾಯಿಯ ಕೆಮ್ಮು ಒಂದೇ ತಾಳದಲ್ಲಿ ಬರುತ್ತಿದೆಯಲ್ಲ ಎಂದು ಎಣಿಸುತ್ತಿದ್ದೆ. ಇಷ್ಟೊಂದು ಆಸೆಯಿಂದ ಕಾಯುತ್ತಿರುವವಳನ್ನು ನಿರಾಶೆಗೊಳಿಸುವುದು ಹೇಗೆಂದು, ಕಣ್ಣು ಒತ್ತಿಕೊಂಡು ಮೂಗನ್ನು ಒಮ್ಮೆ ಗಟ್ಟಿಯಾಗಿ ಎಳೆದೆ.

ಗಿರಿಜಾ ಕರವಸ್ತ್ರ ಮಡಿಚಿ ಚೀಲದೊಳಗೆ ಹಾಕಿದಳು. "ಸುಳ್ಳ ಅಳಬ್ಯಾಡ್ರಿ," ಎಂದಳು ಮೆಲ್ಲಗೆ. "ಗೊತ್ತಾಗತೈತಿ."

ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳ ನಕಲು ಹಿಡಿದವನು ನಾನು. ಸಿಕ್ಕಿಬಿದ್ದವರು ಯಾಕೆ ಮೇಲೆ ನೋಡದೆ ಬೆಂಚನ್ನೇ ನೋಡುತ್ತಿರುತ್ತಾರೆಂಬುದು ನನಗೆ ಅರ್ಥವಾದದ್ದು ಅವತ್ತು.