ತುಲುಮ್ ದಂಡಯಾತ್ರೆಗೆ ಮುನ್ನ ಹುಲಿಗೆಮ್ಮ ಕುಳಿತು ಮಾಡಿದ ಕಾಳಗ

ಕಲಿಯುಗವು ಐದು ಸಾವಿರದ ಚಿಲ್ಲರೆ ವರ್ಷಗಳನ್ನು ತಿಂದು ತೇಗಿಯೂ ಇನ್ನೂ ಹಸಿವೆಂದು ಕುಳಿತಿರುವ ಈ ಕಾಲದಲ್ಲಿ, ಸಾಮ್ರಾಜ್ಯಗಳು ಮಣ್ಣಾಗಿ ಆ ಮಣ್ಣನ್ನು ನೋಡಲಿಕ್ಕೆ ಟಿಕೆಟ್ ಇಟ್ಟಿರುವ ಈ ಪುಣ್ಯಭೂಮಿಯಲ್ಲಿ, ಎಲೈ ತುಂಗಭದ್ರೆಯೇ, ಆನೆಗಳು ಈಜಿದ್ದನ್ನೂ ಅರಸರು ಓಡಿದ್ದನ್ನೂ ಕಂಡ ತಾಯೇ, ನಿನ್ನ ದಂಡೆಯ ಮೇಲೆ ಫೆಬ್ರವರಿ ತಿಂಗಳ ಒಂದು ಬುಧವಾರ ಬೆಳಗಿನ ಎಂಟರಿಂದ ಮಧ್ಯಾಹ್ನ ಹನ್ನೆರಡರವರೆಗೆ ನಡೆದ ಘನಘೋರ ಸಮರವನ್ನೂ ಕೊಂಚ ನೆನಪಿಟ್ಟುಕೋ. ರಕ್ತ ಹರಿಯಲಿಲ್ಲ. ಹಾಲು ಹರಿಯಿತು.

ಆ ಸಮರದ ನಾಯಕಿ ಸಪ್ತದ್ವೀಪಾಗತಜಟಾಧಾರಿಜನಜಠರಾಗ್ನಿಶಮನಕುಶಲೆ, ಕದಳೀಫಲಪ್ಯಾನ್‌ಕೇಕ್‌ಪರಿವರ್ತನಪ್ರಚಂಡೆ. ಸರಳವಾಗಿ ಹೇಳುವುದಾದರೆ ಹಂಪಿಯ ಎದುರು ದಂಡೆಯಲ್ಲಿ ಆರು ಕೋಣೆಯ ಗೆಸ್ಟ್‌ಹೌಸ್ ಇಟ್ಟುಕೊಂಡು, ಇಪ್ಪತ್ತೆರಡು ವರ್ಷದಿಂದ ಫಾರಿನ್ನಿನವರಿಗೆ ಬಾಳೆಹಣ್ಣಿನ ಸಿಹಿದೋಸೆ ಹುಯ್ದು ಹಾಕುತ್ತಿದ್ದ ಹುಲಿಗೆಮ್ಮ. ಎದುರಾಳಿ ತ್ರಿಚಕ್ರರಥಾರೂಢ, ಶಿಲಾವೃತ್ತಾಂತವಾಚಾಳ, ಭಗ್ನಮಂಟಪಭಾಷ್ಯಕಾರ ಪಂಪಾಪತಿ. ಆಟೋದಲ್ಲಿ ಪ್ರವಾಸಿಗಳನ್ನು ಹೇರಿಕೊಂಡು ಹೋಗಿ ಕಲ್ಲು ತೋರಿಸುವುದು ಅವನ ಕಸುಬು, ಹುಲಿಗೆಮ್ಮನ ಗಂಡನಾಗಿರುವುದು ಅವನ ಪುಣ್ಯ.

ಯುದ್ಧದ ಕಾರಣವನ್ನು ಹೇಳಬೇಕು. ಮೆಕ್ಸಿಕೋ ದೇಶದ ಲೂಪೆ ಎಂಬ ಹೆಂಗಸು ಆರು ಚಳಿಗಾಲ ಇವರ ಎರಡನೇ ನಂಬರಿನ ಕೋಣೆಯಲ್ಲಿ ಇದ್ದು ಹೋದವಳು. ಕೆರಿಬಿಯನ್ ಸಮುದ್ರದ ದಂಡೆಯ ತುಲುಮ್ ಎಂಬ ಊರಿನಲ್ಲಿ ಅವಳದೂ ಒಂದು ಸಣ್ಣ ಗೆಸ್ಟ್‌ಹೌಸ್ ಇತ್ತು. "ನಾನು ಆರು ಸಲ ಬಂದೆ. ಈಗ ನೀವು ಬನ್ನಿ, ಕೋಣೆ ನನ್ನದು, ಊಟ ನನ್ನದು" ಎಂದು ಆಕೆ ಹಟ ಹಿಡಿದಳು. ವಿಮಾನದ ಟಿಕೆಟ್ಟಿಗೆ ಇವರು ಏನು ಮಾಡಿದರು ಎಂಬುದು ಬೇರೆ ಗ್ರಂಥ, ಅದನ್ನು ಇಲ್ಲಿ ಹಾಡುವುದಿಲ್ಲ. ಮೇ ತಿಂಗಳೆಂದು ಗೊತ್ತಾಯಿತು. ಪ್ರವಾಸಿಗಳನ್ನು ನಂಬಿ ಬದುಕುವವರು ಪ್ರವಾಸಿಗಳು ತಿರುಗುವ ಕಾಲದಲ್ಲಿ ತಿರುಗಲಾರರು. ಬಂಡೆಗಳು ಕಾದ ಹಂಚಾಗಿ, ಕೋಣೆಗಳು ಖಾಲಿ ಬಿದ್ದಾಗಲೇ ಅವರಿಗೆ ಬಿಡುವು. ಎಮ್ಮೆಯನ್ನೂ ಅತ್ತೆಯನ್ನೂ ಹುಲಿಗೆಮ್ಮನ ತಂಗಿ ಎಂಟು ದಿನ ನೋಡಿಕೊಳ್ಳಲು ಒಪ್ಪಿದ್ದಳು, ಒಂಬತ್ತನೆಯ ದಿನಕ್ಕೆ ಒಪ್ಪಿರಲಿಲ್ಲ. ಹೋಗಲು ಎರಡು, ಬರಲು ಎರಡು. ಉಳಿದದ್ದು ನಾಲ್ಕು.

ಆ ನಾಲ್ಕು ದಿನಗಳೇ ಹಸ್ತಿನಾವತಿ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪಂಪಾಪತಿ ನಾಲ್ಕೂ ಚೌಕಗಳಲ್ಲಿ ಕೆಂಪು ಪೆನ್ನಿನಿಂದ 'ಕಲ್ಲು' ಎಂದು ಬರೆದ. ತುಲುಮಿನಲ್ಲಿ ಮಾಯಾ ಜನರ ಹಳೇ ಪಾಳುಗುಡಿಗಳಿವೆ, ಅವನ್ನು ಕಣ್ಣಾರೆ ನೋಡಿ ನಮ್ಮ ಕಲ್ಲಿಗಿಂತ ಸಣ್ಣವೆಂದು ಖಾತ್ರಿ ಮಾಡಿಕೊಳ್ಳುವುದು ಅವನ ಜೀವಮಾನದ ಸಂಕಲ್ಪ. ಹುಲಿಗೆಮ್ಮ ಮರುದಿನ ನಾಲ್ಕನ್ನೂ ಹೊಡೆದು ಹಾಕಿ ನೀಲಿ ಪೆನ್ನಿನಿಂದ 'ಸಮುದ್ರ' ಎಂದು ಬರೆದಳು. ಪಂಪಾಪತಿ ಅದರ ಮೇಲೆ ಮತ್ತೆ ಬರೆದ, ಹೀಗೇ ಎರಡು ವಾರ ನಡೆಯಿತು. ಕಾಗದ ಹರಿಯಿತು. ಆಗ ವೀರರು ಮಾತಿಗಿಳಿದರು.

"ಏ ಹುಲಿಗಿ," ಎಂದ ಪಂಪಾಪತಿ, ಮೇಲುವಸ್ತ್ರವನ್ನು ಹೆಗಲ ಮೇಲೆ ಎಸೆದು. "ಹೇಮಕೂಟ ಕಂಡಾವ ನಾನು. ಕಲ್ಲು ಮುಟ್ಟಿ ಯಾವ ರಾಜಾನ ಕಾಲದ್ದು ಅಂತ ಹೇಳಾವ ನಾನು. ಇಟಲಿಯಾವ್ರು, ಜಪಾನಿನ್ಯಾವ್ರು ನನ್ನ ಮಾತು ಕೇಳಿ ಬಾಯಿ ತಕ್ಕಂಡು ನಿಂತಾರ. ಅಷ್ಟು ದೂರ ಹೋಗಿ ನೀರು ನೋಡ್ಕೊಂತ ಕುಂದ್ರಾಕ ನಾನೇನು ಹುಚ್ಚೇನು."

"ನೀರು ನೋಡಬ್ಯಾಡ್ರಿ. ನಾ ನೋಡ್ತೀನಿ," ಎಂದಳು ಹುಲಿಗೆಮ್ಮ. "ಕಲ್ಲು ನೋಡಾಕ ಎರಡು ದಿನ ಇಮಾನದಾಗ ಹೋಗಬೇಕಾ? ಬಾಗಲಾ ತಗದ್ರ ಕಲ್ಲು. ಹಿತ್ತಲಕ ಹೋದ್ರ ಕಲ್ಲು. ಅನ್ನದಾಗೂ ಒಂದೊಂದು ಸಲ ಕಲ್ಲು. ಅಲ್ಲಿ ಜಡೆ ಬಿಟ್ಗೊಂಡು ಬರಿಗಾಲಾಗ ಡೋಲು ಬಡಿಯಾವ್ರು ಅದಾರಂತ, ಅವ್ರನ್ನ ಮೂರನೇ ನಂಬರ್ ಕೋಣ್ಯಾಗ ನೋಡಿಲ್ಲೇನು?"

"ಮತ್ತ ನಿನಗೇನು ಬೇಕು ಅಲ್ಲಿ?"

ಹುಲಿಗೆಮ್ಮ ಒಲೆಯ ಉರಿ ಸಣ್ಣ ಮಾಡಿದಳು. "ಕುಂದ್ರಬೇಕು," ಎಂದಳು. "ನಾಕು ದಿನ. ಯಾರಾದರೂ ಚಾ ತಂದು ಕೊಡಬೇಕು. ನಾ ಕುಡಿದು ಕಪ್ಪು ಅಲ್ಲೇ ಇಡಬೇಕು. ಅಷ್ಟ."

ಹೇಳಲಿಕ್ಕೆ ಮೂರೇ ಮಾತು. ಆದರೆ ಇಪ್ಪತ್ತೆರಡು ವರ್ಷ ಅವಳು ಅತಿಥಿಗಳ ಗಾದಿಗಳನ್ನು ಬಡಿದು ಹಾಸಿದ್ದಳೇ ಹೊರತು ಒಂದರ ಮೇಲೂ ಕುಳಿತವಳಲ್ಲ. ಒಮ್ಮೆ ಅತಿಥಿಯಾಗಬೇಕು ಎಂಬುದು ಅವಳ ಆಸೆ. ಅದನ್ನು ದೇವರೆದುರು ಕೂಡ ಬಾಯಿಬಿಟ್ಟು ಹೇಳಿರಲಿಲ್ಲ.

ಪಂಪಾಪತಿ ನಕ್ಕ. ನಕ್ಕದ್ದೇ ತಪ್ಪಾಯಿತು. "ನೀ ಕುಂದ್ರಾಕೇನ? ನಾಕು ದಿನಾ ಇರಲಿ, ನಾಕು ತಾಸು ಕುಂದ್ರು ನೋಡಾನು. ಇಲ್ಲೇ, ಆ ಗಾದಿ ಮ್ಯಾಲ, ಫಾರಿನ್ನಿನ್ಯಾರ ಹಂಗ. ಮನಿ ಎಲ್ಲಾ ನಾ ನೋಡ್ಕಂತೀನಿ. ಬಾಯಿ ಆಡಬಹುದು, ಬುಡ ಏಳಬಾರದು. ಕುಂತ್ರ ನಾಕೂ ದಿನ ಸಮುದ್ರ. ಎದ್ದ್ರ ನಾಕೂ ದಿನ ಕಲ್ಲು."

"ಆತು," ಎಂದಳು ಹುಲಿಗೆಮ್ಮ.

ನ್ಯಾಯಾಧೀಶೆಯಾಗಿ ಪಂಪಾಪತಿಯ ತಾಯಿ ದುರುಗವ್ವ ನೇಮಕವಾದಳು. ಎಂಬತ್ತೆರಡು ವಯಸ್ಸು, ಮಗನ ಪಕ್ಷವೂ ಅಲ್ಲ, ಸೊಸೆಯ ಪಕ್ಷವೂ ಅಲ್ಲ, ಎಲೆಅಡಿಕೆಯ ಪಕ್ಷ. ತೊಡೆಯ ಮೇಲೆ ಅಲಾರಾಂ ಗಡಿಯಾರ ಇಟ್ಟುಕೊಂಡು ಕಂಬಕ್ಕೆ ಒರಗಿದಳು.

ಬುಧವಾರ ಎಂಟು ಹೊಡೆಯಿತು. ಹುಲಿಗೆಮ್ಮ ಸೀರೆಯ ನೆರಿಗೆ ಸರಿಪಡಿಸಿಕೊಂಡು, ಮಾಳಿಗೆಯ ಮೇಲಿನ ಹಾಸುಗಾದಿಯನ್ನು ಸಿಂಹಾಸನವನ್ನೇರುವಂತೆ ಏರಿ ಆಸೀನಳಾದಳು. ಅಡುಗೆಮನೆಯೂ ಅದೇ ಮಾಳಿಗೆಯ ಇನ್ನೊಂದು ತುದಿಗೆ, ತಟ್ಟಿಯ ಮರೆಯಲ್ಲಿ. ಕಾಣುವುದಿಲ್ಲ, ಕೇಳುತ್ತದೆ. ಯುದ್ಧಕ್ಕೆ ಅದಕ್ಕಿಂತ ಕ್ರೂರವಾದ ಭೂಮಿಯನ್ನು ಯಾವ ಸೇನಾಪತಿಯೂ ಆರಿಸಲಾರ.

ಮೊದಲ ಕಾಲು ತಾಸು ಅವಳಿಗೆ ಕೈಗಳೇ ಶತ್ರುಗಳಾದವು. ಎಲ್ಲಿ ಇಡಬೇಕು ಅವನ್ನು? ತೊಡೆಯ ಮೇಲೆ ಇಟ್ಟರೆ ಸೆರಗು ಹಿಂಡುತ್ತಿದ್ದವು, ಗಾದಿಯ ಮೇಲೆ ಇಟ್ಟರೆ ಅನ್ನದ ಅಗುಳು ಹುಡುಕಿ ಆರಿಸುತ್ತಿದ್ದವು. ಕೊನೆಗೆ ಎರಡನ್ನೂ ತೊಡೆಯ ಕೆಳಗೆ ಹಾಕಿ ಅವುಗಳ ಮೇಲೇ ಕುಳಿತಳು.

ಆಗ ಪ್ರಥಮ ಪ್ರಹಾರ. ಕ್ಷೀರಸಾಗರವು ಕುದಿದು, ಪಾತ್ರೆಯ ಅಂಚನ್ನು ಮೀರಿ, ಒಲೆಯ ಮೇಲೆ ಸುರಿದು ಚುರ್ರೆಂದು ಚೀರಿತು. ಆ ಸದ್ದಿಗೆ ಏಳದ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಹುಲಿಗೆಮ್ಮನ ಮೊಣಕಾಲು ಎರಡು ಬೆರಳು ಎತ್ತರಕ್ಕೆ ಎದ್ದಿತು. ಅದನ್ನು ಅವಳು ಮನೋಬಲದಿಂದ ಕೆಳಗೆ ಒತ್ತಿದಳು.

"ಹಾಲು ಉಕ್ಕೈತಿ ನೋಡು," ಎಂದು ಒಳಗಿನಿಂದ ಪಂಪಾಪತಿ, ಹವಾಮಾನ ಹೇಳಿದಂತೆ.

"ಕೇಳೈತಿ. ಗ್ಯಾಸ್ ಆರಸ್ರಿ."

"ಎತ್ಲಾಗ ತಿರಿವೋದು?"

ಹುಲಿಗೆಮ್ಮ ಕಣ್ಣು ಮುಚ್ಚಿದಳು.

ದ್ವಿತೀಯ ಪ್ರಹಾರ ದಶಕದಳೀಪ್ರಮಾಣದ್ದು. ಹತ್ತು ಬಾಳೆಹಣ್ಣು ಹಿಚುಕಿದ ಹಿಟ್ಟು ತವಾದ ಮೇಲೆ ಬಿದ್ದು, ಹೊಂಬಣ್ಣದಿಂದ ಕಂದು, ಕಂದಿನಿಂದ ಕಪ್ಪು, ಕಪ್ಪಿನಿಂದ ಬರೀ ಹೊಗೆಯಾಯಿತು. ಆ ಹೊಗೆಯೊಳಗಿಂದ ಮೂರನೇ ನಂಬರಿನ ಫ್ರಾನ್ಸಿನವನು, ಆರಡಿ ಎತ್ತರ, ತಲೆಯ ಮೇಲೆ ಗಂಟು, ಕೆಮ್ಮುತ್ತಾ ಹೊರಬಂದು ಹುಲಿಗೆಮ್ಮನ ಎದುರು ಕೈಮುಗಿದು ನಿಂತ.

"ಮಮ್ಮಾ, ಪ್ಲೀಸ್," ಎಂದ. "ಪಾಪಾ ಕುಕಿಂಗ್."

"ಟುಡೇ ಪಾಪಾ," ಎಂದಳು ಹುಲಿಗೆಮ್ಮ. "ಐ ಗೆಸ್ಟ್. ಸಿಟ್."

ಫ್ರಾನ್ಸಿನವನಿಗೆ ಏನು ತಿಳಿಯಿತೋ, ಪಕ್ಕದ ಗಾದಿಯಲ್ಲಿ ಕುಳಿತ. ತನ್ನ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮೊದಲು ಅವಳಿಗೆ ಹಿಡಿದ. ಹುಲಿಗೆಮ್ಮ ಎರಡು ತೆಗೆದುಕೊಂಡಳು.

ಬಿಸ್ಕತ್ತಿನ ವಾಸನೆಗೆ ಇಳಿದು ಬಂತು ತೃತೀಯ ಪ್ರಹಾರ. ಕಿಷ್ಕಿಂಧೆಯ ಖಾಸಾ ವಂಶಸ್ಥರು, ಕೋತಿಗಳು, ಮಾವಿನ ಮರದಿಂದ ಏಳು, ನೀರಿನ ಟಾಕಿಯಿಂದ ನಾಲ್ಕು. ಪೊಟ್ಟಣ ಹೋಯಿತು. ಫ್ರಾನ್ಸಿನವನ ಕನ್ನಡಕ ಹೋಯಿತು. ಫ್ರಾನ್ಸಿನವನೂ ಕನ್ನಡಕದ ಬೆನ್ನಟ್ಟಿ ಹೋದ. ಒಂದು ಗಡವ ಕೋತಿ ಮಾತ್ರ ಹುಲಿಗೆಮ್ಮನ ಎದುರು ಕುಳಿತು ಹಲ್ಲು ಕಿರಿಯಿತು. ಬೇರೆ ದಿನವಾಗಿದ್ದರೆ ಕೈಗೆ ಕೋಲು ಬಂದಿರುತ್ತಿತ್ತು, ಅದು ಗೋಡೆ ಹಾರಿರುತ್ತಿತ್ತು. ಇಂದು ಇಬ್ಬರೂ ಕುಳಿತಿದ್ದರು. ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಕೋತಿಗೇ ಬೇಜಾರಾಗಿ ಎದ್ದುಹೋಯಿತು.

ಹತ್ತೂವರೆಯ ಹೊತ್ತಿಗೆ ಪಂಪಾಪತಿ ಚಹಾ ತಂದ. ಕಪ್ಪಿನ ಅರ್ಧ ಚಹಾ ಬಸಿಯಲ್ಲಿತ್ತು. ಹುಬ್ಬಿನ ಮೇಲೆ ಹಿಟ್ಟು, ಬೆರಳಿಗೆ ಬಟ್ಟೆ.

"ತಗೊಳ್ರಿ ಮೇಡಂ," ಎಂದ, ಹಲ್ಲು ಕಚ್ಚಿ.

"ಶುಂಠಿ ಹಾಕಿಲ್ಲೇನು?"

"ಕೇಳಿದ್ರ ಹಾಕ್ತಿದ್ದೆ."

"ಕೇಳ್ದಂಗ ಹಾಕಬೇಕು. ಅದಕ್ಕ ಗೆಸ್ಟ್‌ಹೌಸ್ ಅಂತಾರ."

ಅವನು ಒಳಗೆ ಹೋದ ಮೇಲೆ ಅವಳು ಕುಡಿದಳು. ಕುದಿದು ಕುದಿದು ಕಷಾಯವಾಗಿತ್ತು. ಆದರೂ ತಾನು ಮಾಡದ ಚಹಾ. ಕುಡಿದು ಕಪ್ಪನ್ನು ಅಲ್ಲೇ ಇಟ್ಟು ಮೊದಲ ಸಲ ತಲೆ ಎತ್ತಿದಳು. ಇವರೆಲ್ಲ ತಾಸುಗಟ್ಟಲೆ ಇಲ್ಲಿ ಕುಳಿತು ಏನು ನೋಡುತ್ತಾರೆ ಎಂದು ಅವಳಿಗೆ ಇಪ್ಪತ್ತೆರಡು ವರ್ಷದಿಂದ ಅನುಮಾನವಿತ್ತು. ಭತ್ತದ ಗದ್ದೆ ಹಸಿರಾಗಿತ್ತು. ಅದರಾಚೆ ಬಂಡೆಗಳು, ಒಂದರ ಮೇಲೊಂದು, ಈಗ ಬಿದ್ದಾವು ಈಗ ಬಿದ್ದಾವು ಎನ್ನುವ ಹಾಗೆ. ಬಿಸಿಲು ಏರಿದಂತೆ ಅವುಗಳ ಬಣ್ಣ ಬದಲಾಗುತ್ತಿತ್ತು. ಪರವಾಗಿಲ್ಲವಲ್ಲ, ಎಂದುಕೊಂಡಳು. ಗಂಡನಿಗೆ ಮಾತ್ರ ಇದನ್ನು ಹೇಳಕೂಡದು ಎಂದೂ ಅಂದುಕೊಂಡಳು.

ಹೀಗೆ ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಒಳಗೆ ಡಬ್ಬಿಗಳು ಉರುಳಿದವು, ತಟ್ಟೆಗಳು ಹೊರಳಿದವು, ನಾಲ್ಕನೇ ನಂಬರಿನವರು ಬಿಸಿನೀರು ಕೇಳಿದರು, ಐದನೆಯವರು ಟವಲ್ ಕೇಳಿದರು. ಅಚಲಾಸನಾರೂಢೆಯಾದ ಹುಲಿಗೆಮ್ಮ ಬಾಯಿಂದಲೇ ಎಲ್ಲರನ್ನೂ ತಟ್ಟಿಯ ಮರೆಗೆ ಅಟ್ಟಿದಳು.

ಹನ್ನೆರಡಕ್ಕೆ ಐದು ನಿಮಿಷ ಉಳಿದಿತ್ತು. ಪಂಪಾಪತಿ ಹೊರಗೆ ಬಂದ. ಉಪಾಯವೇನೂ ಅವನಲ್ಲಿ ಉಳಿದಿರಲಿಲ್ಲ, ಪಣವೇ ಮರೆತುಹೋಗಿತ್ತು. ಪಕ್ಕದ ಗಾದಿಯ ಮೇಲೆ ಭತ್ತದ ಚೀಲದ ಹಾಗೆ ಬಿದ್ದು, ಮುಖ ಒರೆಸಿಕೊಂಡು, ದಿನಾ ಆಟೋ ನಿಲ್ಲಿಸಿ ಒಳಗೆ ಬಂದಾಗ ಹೇಳುವಂತೆಯೇ ಹೇಳಿದ:

"ಹುಲಿಗಿ, ಒಂದ್ ಲೋಟ ನೀರು ಕೊಡು."

ಹುಲಿಗೆಮ್ಮ ಎದ್ದಳು.

ಹಾಲಿಗೆ ಏಳದವಳು, ಹೊಗೆಗೆ ಏಳದವಳು, ಕೋತಿಯನ್ನು ಕೂತೇ ಗೆದ್ದವಳು, ಎದ್ದು ಹೋಗಿ ಗಡಿಗೆಯಲ್ಲಿ ಲೋಟ ಅದ್ದಿದಳು. ನೀರು ತುಂಬುವಾಗ ತಿಳಿಯಿತು. ಕೈ ನಿಂತಿತು. ಕೆರಿಬಿಯನ್ ಸಮುದ್ರವು ನಾಲ್ಕು ದಿನದಷ್ಟು ಅಗಲವಾಗಿ ಕಣ್ಣೆದುರು ಬಂದು ಇಂಗಿಹೋಯಿತು. ಆದರೆ ಲೋಟ ತುಂಬಿತ್ತು. ತುಂಬಿದ ಲೋಟವನ್ನು ಮತ್ತೆ ಗಡಿಗೆಗೆ ಸುರಿಯುವುದು ಅವಳಿಂದ ಆಗದ ಕೆಲಸ. ತಂದು ಕೊಟ್ಟಳು.

ಪಂಪಾಪತಿ ಗಟಗಟ ಕುಡಿದು, ಖಾಲಿ ಲೋಟ ಅವಳ ಕೈಗಿತ್ತು, ಕತ್ತೆತ್ತಿ ನೋಡಿದ. ಅವನಿಗೂ ಆಗ ತಿಳಿಯಿತು. ಇಬ್ಬರೂ ದುರುಗವ್ವನ ಕಡೆ ತಿರುಗಿದರು. ನ್ಯಾಯಾಧೀಶೆಯು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಯಾವಾಗಿನಿಂದಲೋ.

ಗಡಿಯಾರ ಕಿರುಚಿತು. ದುರುಗವ್ವ ಬೆಚ್ಚಿ ಎದ್ದು, ನಾನು ಎಚ್ಚರವೇ ಇದ್ದೆ ಎನ್ನುವ ಮುಖ ಮಾಡಿ ಕೇಳಿದಳು: "ಎದ್ಳೇನಪ?"

ಶಿಲಾಪಕ್ಷದ ಸಮಸ್ತ ಭಾರವೂ ಆ ಕ್ಷಣ ಪಂಪಾಪತಿಯ ನಾಲಗೆಯ ಮೇಲಿತ್ತು. ಅವನು ತನ್ನ ಸುಟ್ಟ ಬೆರಳನ್ನು ನೋಡಿಕೊಂಡ. ಹೆಂಡತಿಯ ಕೈಯ ಲೋಟವನ್ನು ನೋಡಿದ.

"ಇಲ್ಲವ್ವ," ಎಂದ. "ಕುಂತಾಕಿ ಕುಂತಂಗ ಅದಾಳ."

"ಮತ್ತ ನಿಂತಾಳಲ್ಲ?"

"ಹನ್ನೆರಡಾದ ಮ್ಯಾಲ ಎದ್ದಾಳ. ಈಗ."

ಹೀಗೆ ಒಂದೇ ಸುಳ್ಳಿನಿಂದ ಪಂಪಾಪತಿಯು ಮಾಯಾ ಜನರ ಸಮಸ್ತ ಗುಡಿಗೋಪುರಗಳನ್ನು ದಾನ ಮಾಡಿ, ದಾನಶೂರರ ಸಾಲಿನಲ್ಲಿ ಕೊನೆಯವನಾಗಿ ನಿಂತ.

ಅಷ್ಟರಲ್ಲಿ ಅವನ ಫೋನು ಸದ್ದು ಮಾಡಿತು. ಲೂಪೆ ದನಿಯಲ್ಲೇ ಉತ್ತರ ಕಳಿಸಿದ್ದಳು. ನಿನ್ನೆ ಅವನು ಕೇಳಿ ಕಳಿಸಿದ್ದ: ನಾಲ್ಕು ದಿನದಲ್ಲಿ ಕಲ್ಲಿಗೆ ಎಷ್ಟು, ಸಮುದ್ರಕ್ಕೆ ಎಷ್ಟು, ಎರಡರ ನಡುವೆ ಎಷ್ಟು ಕಿಲೋಮೀಟರು. ಪಂಪಾಪತಿ ಒಮ್ಮೆ ಕೇಳಿದ. ಮತ್ತೊಮ್ಮೆ ಕಿವಿಗೆ ಹಚ್ಚಿ ಕೇಳಿದ.

"ಏನಂತ?" ಎಂದಳು ಹುಲಿಗೆಮ್ಮ.

"ಕಿಲೋಮೀಟರ್ ಇಲ್ಲಂತ."

"ಹಂಗಂದ್ರ?"

"ಗುಡಿ ಇರಾದ ಸಮುದ್ರದ ದಂಡಿ ಮ್ಯಾಲಂತ. ಮ್ಯಾಲ ಕಲ್ಲು, ಕೆಳಗ ನೀರು. ಮೆಟ್ಲಾ ಇಳಿದ್ರ ಕಾಲಿಗೆ ಉಸುಕು ಹತ್ತತೈತಂತ. ಎಲ್ಲಾ ಸೇರಿ ಅರ್ಧ ದಿನದ ಕೆಲಸ ಅಂತ." ಫೋನನ್ನು ಕಿವಿಯಿಂದ ಇಳಿಸಿದ. "ನಗಾಕತ್ತಾಳ."

ಗದ್ದೆಯಲ್ಲಿ ಒಂದು ಕೊಕ್ಕರೆ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ನಿಂತಿತು. ಎರಡು ವಾರದ ಸಮರ, ಹರಿದ ಕ್ಯಾಲೆಂಡರು, ನಾಲ್ಕು ತಾಸಿನ ತಪಸ್ಸು, ಎಲ್ಲವೂ ಮುದುಡಿ ಮುದುಡಿ ಅರ್ಧ ದಿನವಾಗಿ ಫೋನಿನೊಳಗೆ ಕೂತಿತು.

"ಊಟಕ್ಕೇನು ಮಾಡೀರಿ?" ಎಂದಳು ದುರುಗವ್ವ.

ಊಟಕ್ಕೆ ಏನೂ ಮಾಡಿರಲಿಲ್ಲ. ತಟ್ಟಿಯ ಮರೆಯಿಂದ ಸೀದ ವಾಸನೆ ಬರುತ್ತಿತ್ತು. ಹುಲಿಗೆಮ್ಮ ಖಾಲಿ ಲೋಟವನ್ನು ಗಂಡನ ಕೈಗೆ ವಾಪಸು ಕೊಟ್ಟಳು. ಸೆರಗು ಹೊದ್ದು ಮತ್ತೆ ಗಾದಿಯ ಮೇಲೆ ಕುಳಿತಳು, ಈ ಸಲ ಕಾಲು ಚಾಚಿ.

"ಪಣಾ ಮುಗೀತಲ್ಲ," ಎಂದ ಪಂಪಾಪತಿ.

"ಮುಗೀತು. ಸುಮ್ಮನ ಕುಂತೀನಿ. ತವಾ ಆರೋದ್ರೊಳಗ ತಿಕ್ಕಿಬಿಡ್ರಿ, ಆಮ್ಯಾಲ ಬಿಡಾಂಗಿಲ್ಲ ಅದು."

ತ್ರಿಚಕ್ರರಥಾರೂಢ, ಭಗ್ನಮಂಟಪಭಾಷ್ಯಕಾರನು ಅವಳನ್ನು ನೋಡಿದ, ತಾಯಿಯನ್ನು ನೋಡಿದ, ಲೋಟ ಹಿಡಿದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಗರ್‍ಗರ್ ಎಂದು ತಿಕ್ಕುವ ಸದ್ದು ಕೇಳಿತು. ಹುಲಿಗೆಮ್ಮ ಬಂಡೆಗಳ ಕಡೆ ನೋಡುತ್ತಾ, ಕಿವಿ ಮಾತ್ರ ಆ ಕಡೆ ಕೊಟ್ಟು, ಕುಳಿತಲ್ಲಿಂದಲೇ ಕೂಗಿದಳು:

"ನಡುವ ಅಷ್ಟ ಅಲ್ರಿ, ಅಂಚಿಗೂ ತಿಕ್ರಿ."